ಸಂಗೀತ ಕಲಿಯದವರ ಆರಾಧನಾ ತಂಡಕ್ಕೆ ಯಾವ ಶ್ರುತಿ ಸರಿ?

ಪ್ರಶ್ನೆ: ನಮ್ಮ ಸಭೆಯ ಆರಾಧನಾ ತಂಡದಲ್ಲಿ ಹಾಡುವ ಆರು ಮಂದಿಯಲ್ಲಿ ಯಾರೂ ಸಂಗೀತ ಕಲಿತವರಲ್ಲ. ಚರಣದಲ್ಲಿ ಹೆಂಗಸರ ದನಿ ಕೇಳಿಸುವುದೇ ಇಲ್ಲ. ಪಲ್ಲವಿಯ ಏರಿನಲ್ಲಿ ಗಂಡಸರು ಕಿರುಚಿದಂತಾಗಿ ಶ್ರುತಿ ತಪ್ಪುತ್ತದೆ. ಅಭ್ಯಾಸಕ್ಕೆ ಸಿಗುವುದು ಶನಿವಾರ ಸಂಜೆ ಮಾತ್ರ. ಗಾಯನವನ್ನು ಸುಧಾರಿಸುವುದು ಹೇಗೆ?

ಉತ್ತರ: ನೀವು ಹೇಳಿದ ಎರಡೂ ತೊಂದರೆಗಳಿಗೆ ಬಹುತೇಕ ಒಂದೇ ಕಾರಣವಿರುತ್ತದೆ, ಮತ್ತು ಅದನ್ನು ಸರಿಪಡಿಸಲು ಯಾರೂ ಸಂಗೀತ ಪಾಠಕ್ಕೆ ಸೇರಬೇಕಾಗಿಲ್ಲ. ಹೊಸ ಆರಾಧನಾ ಗೀತೆಗಳನ್ನು ನಾವು ಯೂಟ್ಯೂಬ್ ನೋಡಿ ಕಲಿಯುತ್ತೇವೆ. ಅಲ್ಲಿ ಹಾಡಿರುವವರು ಹೆಚ್ಚಾಗಿ ಎತ್ತರದ ಕಂಠವುಳ್ಳ, ಪಳಗಿದ ಗಾಯಕರು. ನಮ್ಮ ಕೀಬೋರ್ಡ್ ವಾದಕರು ಅದೇ ಶ್ರುತಿಯಲ್ಲೇ ನುಡಿಸುತ್ತಾರೆ. ಅಂಥ ಹಾಡು ಕೀಬೋರ್ಡಿನಲ್ಲಿ ಕೆಳಗಿನ ಡಿ ಸ್ವರದಿಂದ ಮೇಲಿನ ಜಿ ಸ್ವರದವರೆಗೆ ಹರಡಿದೆ ಎಂದಿಟ್ಟುಕೊಳ್ಳಿ. ಆ ಜಿ ಸಾಮಾನ್ಯ ಗಂಡಸಿನ ಕಂಠಕ್ಕೆ ಎಟುಕುವುದಿಲ್ಲ. ಹೆಂಗಸರು ಒಂದು ಸ್ಥಾಯಿ ಮೇಲೆ ಹಾಡಹೊರಟರೆ ಅವರಿಗೂ ಅದು ವಿಪರೀತ ಎತ್ತರವಾಗುವುದರಿಂದ, ಗಂಡಸರ ಸ್ಥಾಯಿಗೇ ಇಳಿದು ಚರಣದಲ್ಲಿ ದನಿಯಿಲ್ಲದಂತಾಗುತ್ತಾರೆ.

ಕಲಿಯದ ಕಂಠಗಳಿಗೆ, ಸಭೆಯಲ್ಲಿ ಕುಳಿತು ಹಾಡುವವರಿಗೂ ಸೇರಿದಂತೆ, ಎ ಸ್ವರದಿಂದ ಅದರ ಮೇಲಿನ ಸ್ಥಾಯಿಯ ಡಿ ಸ್ವರದವರೆಗಿನ ಹರವು ಸುಮಾರಾಗಿ ಹಿತವಾಗಿರುತ್ತದೆ. ಹೆಂಗಸರಿಗೆ ಇದೇ ಹರವು ಒಂದು ಸ್ಥಾಯಿ ಮೇಲೆ. ಆದ್ದರಿಂದ ಹಾಡಿನ ಅತ್ಯಂತ ಎತ್ತರದ ಸ್ವರ ಯಾವುದೆಂದು ಕೀಬೋರ್ಡಿನಲ್ಲಿ ಮೊದಲು ಹುಡುಕಿ, ಅದು ಡಿ ಆಗುವವರೆಗೆ, ಇಡೀ ಹಾಡಿನ ಶ್ರುತಿಯನ್ನು ಏರಿಸಿ ಇಳಿಸುವ ಟ್ರಾನ್ಸ್‌ಪೋಸ್ ಗುಂಡಿಯನ್ನು ಇಳಿಸಿ. ಮೇಲಿನ ಉದಾಹರಣೆಯಲ್ಲಿ ಮೈನಸ್ 5, ಅಂದರೆ ಐದು ಅರ್ಧಸ್ವರ ಕೆಳಗೆ, ಇಟ್ಟರೆ ಸಾಕು. ಆಗ ಹೆಂಗಸರು ಧೈರ್ಯವಾಗಿ ತಮ್ಮ ಸ್ಥಾಯಿಯಲ್ಲೇ ಹಾಡಬಹುದು. ಮೂಲ ಧ್ವನಿಮುದ್ರಿಕೆಯ ಕಳೆ ಹೋಗುತ್ತದೆಂದು ಗಿಟಾರ್ ನುಡಿಸುವವರು ಆಕ್ಷೇಪಿಸಬಹುದು. ಆದರೆ ಹಾಡಬೇಕಾದವರು ಅವರಲ್ಲವಲ್ಲ. ಕರ್ನಾಟಕ ಸಂಗೀತದ ಕಛೇರಿಗಳಲ್ಲೂ ಗಾಯಕರು ಸಿ ಆಸುಪಾಸಿನಲ್ಲಿ, ಗಾಯಕಿಯರು ಜಿ ಆಸುಪಾಸಿನಲ್ಲಿ, ತಮ್ಮ ತಮ್ಮ ಕಂಠಕ್ಕೆ ಒಗ್ಗುವ ಶ್ರುತಿಯನ್ನೇ ಇಟ್ಟುಕೊಳ್ಳುತ್ತಾರೆ.

ಎರಡನೆಯ ಕಾರಣ, ಹಾಡುವವರಿಗೆ ತಮ್ಮ ದನಿ ತಮಗೇ ಕೇಳಿಸದಿರುವುದು. ಸುತ್ತಲಿನ ಸದ್ದು ಏರಿದಂತೆ ಮನುಷ್ಯ ತನಗರಿವಿಲ್ಲದೆಯೇ ದನಿ ಏರಿಸುತ್ತಾನೆಂಬುದನ್ನು ಫ್ರಾನ್ಸಿನ ವೈದ್ಯ ಎಟಿಯೆನ್ ಲೊಂಬಾರ್ 1911ರಲ್ಲಿಯೇ ವಿವರಿಸಿದ್ದರು. ಡ್ರಮ್ಸ್ ಪಕ್ಕದಲ್ಲಿ ನಿಂತ ಗಾಯಕರ ಕಿರುಚಾಟದಲ್ಲಿ ಇದೇ ನಡೆಯುತ್ತಿರುತ್ತದೆ. ಗಾಯಕರ ಮುಂದೆ ಅವರತ್ತಲೇ ತಿರುಗಿರುವ ಸ್ಪೀಕರಿನಲ್ಲಿ (ಮಾನಿಟರ್) ಅವರ ದನಿ ಮತ್ತು ಕೀಬೋರ್ಡ್ ಮಾತ್ರ ಬರಲಿ. ಶನಿವಾರ ಪ್ರತಿ ಹಾಡನ್ನೂ ಮೊದಲು ವಾದ್ಯಗಳಿಲ್ಲದೆ, ಕೀಬೋರ್ಡಿನಿಂದ ಆಧಾರ ಷಡ್ಜವನ್ನು (ಹಾಡಿನ ‘ಸ’ ಸ್ವರ) ಮಾತ್ರ ಎಳೆಯುತ್ತಾ, ಮೆಲುದನಿಯಲ್ಲಿ ಹಾಡಿಸಿ, ಫೋನಿನಲ್ಲಿ ಮುದ್ರಿಸಿ, ಅಲ್ಲೇ ಎಲ್ಲರಿಗೂ ಕೇಳಿಸಿ. ಯಾರು ಎಲ್ಲಿ ಜಾರುತ್ತಿದ್ದಾರೆಂದು ನೀವು ಹೇಳುವ ಮುಂಚೆ ಅವರೇ ಗುರುತಿಸುತ್ತಾರೆ.

ಹಾಗೆ ಕೇಳುವಾಗ ಪದಗಳ ಕೊನೆಯ ಅಕ್ಷರಗಳನ್ನು ಗಮನಿಸಿ. ‘ಮಹಿಮೆ’ ಎಂಬ ಪದದ ಕೊನೆಯ ಎಕಾರವನ್ನು ನಾಲ್ಕು ಮಾತ್ರೆ ಎಳೆಯಬೇಕಾದಾಗ ಒಬ್ಬರು ಬಾಯಿ ಅಗಲಿಸಿ, ಇನ್ನೊಬ್ಬರು ಮುಚ್ಚಿ ‘ಮೆಯ್’ ಎಂಬಂತೆ ಹಾಡಿದರೆ, ಸ್ವರ ಸರಿಯಿದ್ದರೂ ಅಪಶ್ರುತಿಯಾದಂತೆ ಕೇಳಿಸುತ್ತದೆ. ಉಸಿರಿನ ವಿಷಯವೂ ಹೀಗೆಯೇ: ಸಾಲಿನ ಕೊನೆಯಲ್ಲಿ ಉಸಿರು ಮುಗಿದಾಗ ಶ್ರುತಿ ಕುಸಿಯುತ್ತದೆ. ಎಲ್ಲಿ ಉಸಿರು ತೆಗೆದುಕೊಳ್ಳಬೇಕೆಂಬುದನ್ನು ಮೊದಲೇ ನಿರ್ಧರಿಸಿ ಹಾಡಿನ ಹಾಳೆಯಲ್ಲಿ ಪೆನ್ಸಿಲ್ ಗುರುತು ಹಾಕಿಸಿ.

ಭಾನುವಾರ ಬೆಳಿಗ್ಗೆ, ಆರಾಧನೆಗೆ ಮುನ್ನ, ತೆಳುವಾದ ಸ್ಟ್ರಾ ಒಂದನ್ನು ತುಟಿಗಳ ನಡುವೆ ಹಿಡಿದು ಅದರ ಮೂಲಕ ‘ಊ’ ಎಂದು ಕೆಳಗಿನಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ ದನಿ ಜಾರಿಸುವುದನ್ನು ಐದು ನಿಮಿಷ ಮಾಡಿಸಿದರೆ ಕಂಠ ಹದವಾಗುತ್ತದೆ. ಸ್ಟ್ರಾದೊಳಗಿನ ಒತ್ತಡದಿಂದಾಗಿ ಧ್ವನಿತಂತುಗಳು ಒಂದಕ್ಕೊಂದು ಬಡಿಯುವ ರಭಸ ಕಡಿಮೆಯಾಗುತ್ತದೆ. ಗಂಟಲು ಕಟ್ಟಿರುವವರನ್ನು ಅಂದು ಹಾಡಿಸಬೇಡಿ. ಹಾಗೆ ಕಟ್ಟಿದ ಗಂಟಲು ನಾಲ್ಕು ವಾರವಾದರೂ ಸರಿಹೋಗದಿದ್ದರೆ ಕಿವಿ-ಮೂಗು-ಗಂಟಲು ತಜ್ಞರಿಗೆ ತೋರಿಸಲೇಬೇಕು.

ಮೈಕನ್ನು ತುಟಿಯಿಂದ ಎರಡು ಬೆರಳಿನಷ್ಟು ದೂರದಲ್ಲಿ ಹಿಡಿಯಲಿ. ಅದರ ಜಾಲರಿಯನ್ನು ಅಂಗೈಯಿಂದ ಮುಚ್ಚಿದರೆ ಸ್ಪೀಕರಿನಲ್ಲಿ ಕೀರಲು ಕೂಗು ಏಳುತ್ತದೆ. ಆರು ಮಂದಿಗೂ ಸಮಾನ ಸದ್ದು ಕೊಡಬೇಕೆಂಬ ನಿಯಮವೇನೂ ಇಲ್ಲ: ಶ್ರುತಿ ಗಟ್ಟಿಯಾಗಿರುವ ಇಬ್ಬರ ಮೈಕ್ ಮುಂದಿರಲಿ, ಉಳಿದವರದು ತಗ್ಗಿರಲಿ, ಅಳುಕುವವರು ಗಟ್ಟಿಗರ ಪಕ್ಕದಲ್ಲೇ ನಿಲ್ಲಲಿ. ಒಬ್ಬೊಬ್ಬರು ಬೇರೆ ಬೇರೆ ಸ್ವರ ಹಿಡಿದು ಒಟ್ಟಿಗೆ ಹಾಡುವ ಹಾರ್ಮನಿಯ ಆಸೆಯನ್ನು ಸದ್ಯಕ್ಕೆ ಬದಿಗಿಡುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ವಾದ್ಯದ ನೆರವಿಲ್ಲದೆ ಆರೂ ಮಂದಿ ಒಂದೇ ಧಾಟಿಯನ್ನು ಕೊನೆಯವರೆಗೆ ಜಾರದೆ ಹಾಡುವಂತಾದ ಮೇಲೆ ಅದನ್ನು ಯೋಚಿಸಬಹುದು.