ಸಿಳ್ಳೆ ಕೇಳಿದ ಮೇಲೆ ಹೆಣ್ಮಕ್ಕಳು ಹಾಕುವ ಲೆಕ್ಕ

ಬೆಳಗಾವಿಯ ಕೇಂದ್ರ ಬಸ್ ನಿಲ್ದಾಣದಿಂದ ಚನ್ನಮ್ಮ ವೃತ್ತದ ಕಡೆ ನಡೆದು ಹೊರಟ ಹುಡುಗಿ, ಹಿಂದಿನಿಂದ ಸಿಳ್ಳೆ ಕೇಳಿಸಿದರೆ ಸಾಮಾನ್ಯವಾಗಿ ತಿರುಗಿ ನೋಡುವುದಿಲ್ಲ. ಕಂಡವರಿಗೆ ಆಕೆ ಏನೂ ಮಾಡಲಿಲ್ಲ ಅನಿಸುತ್ತದೆ. ಅಷ್ಟರಲ್ಲೇ ಆಕೆ ಬಹಳಷ್ಟನ್ನು ಅಳೆದಿರುತ್ತಾಳೆ. ಒಬ್ಬನೋ, ಗುಂಪೋ? ನಡೆದು ಬರುತ್ತಿದ್ದಾರೋ, ಬೈಕ್ ಮೇಲಿದ್ದಾರೋ? ಮುಂದೆ ಬಾಗಿಲು ತೆರೆದ ಅಂಗಡಿ ಇದೆಯೋ? ನಾಳೆಯೂ ಇದೇ ದಾರಿಯಲ್ಲಿ ಬರಬೇಕೋ? ಇವರಲ್ಲಿ ನಮ್ಮೂರವರು, ಅಣ್ಣನ ಗೆಳೆಯರು ಯಾರಾದರೂ ಇದ್ದಾರೋ? ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಭಾರ. ಗುರುತಿಲ್ಲದವನ ಸಿಳ್ಳೆ ರಸ್ತೆಯಲ್ಲೇ ಮುಗಿಯಬಹುದು. ಗುರುತಿನವನದಾದರೆ ಸುದ್ದಿ ಮನೆ ಮುಟ್ಟುತ್ತದೆ. ಮನೆ ಮುಟ್ಟಿದರೆ ಕಾಲೇಜು ನಿಲ್ಲಬಹುದು.

ಸುಮ್ಮನಿದ್ದವಳಿಗೆ ಧೈರ್ಯವಿಲ್ಲ ಎಂದೋ, ಅವಳಿಗೂ ಅದು ಬೇಕಿತ್ತು ಎಂದೋ ಹೇಳುವವರು ಈ ಲೆಕ್ಕವನ್ನು ನೋಡಿರುವುದಿಲ್ಲ. ಬಾಯಿ ಬಿಟ್ಟರೆ ತೆರಬೇಕಾದ ಬೆಲೆ ಹುಡುಗನಿಗಿಂತ ಹುಡುಗಿಗೆ ಹೆಚ್ಚು. ಒಂದೂವರೆ ಶತಮಾನದಲ್ಲಿ ಕಾನೂನು ಹಲವು ಸಲ ಬದಲಾದರೂ ಈ ಒಂದು ಸಂಗತಿ ಬದಲಾದದ್ದು ತೀರಾ ಕಡಿಮೆ.

ರಸ್ತೆಯಲ್ಲಿ ಹೆಣ್ಮಕ್ಕಳು ಕಂಡುಕೊಂಡ ಉಪಾಯಗಳನ್ನು ಹತ್ತಿರದಿಂದ ನೋಡಿದರೆ ಅವುಗಳ ಹಿಂದಿನ ಶ್ರಮ ಗೊತ್ತಾಗುತ್ತದೆ. ಕಿವಿಗೆ ಇಯರ್‌ಫೋನ್ ಇರುತ್ತದೆ, ಹಾಡು ಇರುವುದಿಲ್ಲ. ಕೇಳಿಸಲಿಲ್ಲ ಎಂಬಂತೆ ಮುಂದೆ ಹೋಗಬಹುದು, ಹಿಂದೆ ಬರುವ ಹೆಜ್ಜೆಯ ಸಪ್ಪಳವೂ ತಪ್ಪುವುದಿಲ್ಲ. ಫೋನ್ ಬಂದಿರದಿದ್ದರೂ "ಹೂಂ ಅಪ್ಪಾ, ಇಲ್ಲೇ ಚೌಕಿನ್ಯಾಗ ಅದೀನಿ" ಎಂದು ಜೋರಾಗಿ ಮಾತಾಡುವುದು ಇನ್ನೊಂದು ಉಪಾಯ. ಹಿಂಬಾಲಿಸುವವನಿಗೆ ಅಪ್ಪ ಹತ್ತಿರದಲ್ಲೇ ಇದ್ದಾನೆಂಬ ಸುದ್ದಿ ಮುಟ್ಟಲೆಂದು ಆ ಮಾತು. ಸ್ಟೇಷನರಿ ಅಂಗಡಿ ಹೊಕ್ಕು ಬೇಡದ ಪೆನ್ನಿನ ದರ ಕೇಳುತ್ತಾರೆ. ಹಂಚಿಕೊಂಡು ಹೋಗುವ ಆಟೊ ಟಂಟಂನಲ್ಲಿ ಡ್ರೈವರ್ ಪಕ್ಕದ ಸೀಟು ಬಿಟ್ಟು, ಇನ್ನೊಬ್ಬ ಹೆಂಗಸು ಹತ್ತುವ ತನಕ ಕಾಯುತ್ತಾರೆ. ಪಾನ್ ಅಂಗಡಿ ಇರುವ ಬದಿಯನ್ನು ಬಿಟ್ಟು ರಸ್ತೆ ದಾಟಿ, ಮತ್ತೆ ಮುಂದೆ ದಾಟಿ ಬರುತ್ತಾರೆ. ಬಾಗಲಕೋಟೆಯ ನವನಗರದಲ್ಲಿ ತೊಂದರೆ ಬೇರೆ ಬಗೆಯದು. ಆಲಮಟ್ಟಿ ಹಿನ್ನೀರಿಗೆ ಹಳೆಯ ಪಟ್ಟಣದ ಭಾಗಗಳು ಹೋದ ಮೇಲೆ ಸೆಕ್ಟರ್‌ಗಳಾಗಿ ಬೆಳೆದ ಊರು ಅದು. ರಸ್ತೆ ಅಗಲ, ಮನೆ ದೂರ ದೂರ, ನಡುವೆ ಖಾಲಿ ಜಾಗ. ಹಳೇ ಓಣಿಯಲ್ಲಿ ಕಟ್ಟಿಯ ಮೇಲೆ ಕೂತ ಮುದುಕಿಯರ ಕಣ್ಣು ರಸ್ತೆಯ ಮೇಲಿರುತ್ತಿತ್ತು. ಇಲ್ಲಿ ಕೂಗಿದರೂ ಕೇಳಿಸಿಕೊಳ್ಳುವ ಬಾಗಿಲು ಹತ್ತಿರ ಇರುವುದಿಲ್ಲ.

ಇಂಥ ಸುತ್ತುದಾರಿಗಳಿಗೆ ಓದಿನ ಬೆಲೆಯೂ ಸೇರುತ್ತದೆ. ದಿಲ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಬಗ್ಗೆ ಅರ್ಥಶಾಸ್ತ್ರಜ್ಞೆ ಗಿರಿಜಾ ಬೋರ್ಕರ್ ನಡೆಸಿದ ಅಧ್ಯಯನ ಇದನ್ನು ಲೆಕ್ಕ ಹಾಕಿ ತೋರಿಸಿತು. ಹೋಗಿಬರುವ ದಾರಿ ಸುರಕ್ಷಿತ ಎನಿಸಿದರೆ, ಇನ್ನೂ ಒಳ್ಳೆಯ ಕಾಲೇಜಿನಲ್ಲಿ ಸೀಟು ಸಿಗುವಂತಿದ್ದರೂ ಹುಡುಗಿಯರು ಅದಕ್ಕಿಂತ ಕೆಳಗಿನ ಕಾಲೇಜನ್ನು ಆರಿಸಿಕೊಳ್ಳುತ್ತಿದ್ದರು. ಹುಡುಗರು ಅಷ್ಟರ ಮಟ್ಟಿಗೆ ಹಾಗೆ ಮಾಡುತ್ತಿರಲಿಲ್ಲ. ಬೆಳಗಾವಿ ಹತ್ತಿರದ ಭೂತರಾಮನಹಟ್ಟಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವಾಗಲಿ, ವಿಜಯಪುರ ಹತ್ತಿರದ ತೊರವಿಯ ಮಹಿಳಾ ವಿಶ್ವವಿದ್ಯಾಲಯವಾಗಲಿ ಊರ ಹೊರಗಿವೆ. ಕೊನೆಯ ಬಸ್ ಎಷ್ಟು ಗಂಟೆಗೆ, ಸ್ಟಾಪಿನಿಂದ ಗೇಟಿನವರೆಗೆ ದೀಪ ಇದೆಯೋ ಇಲ್ಲವೋ ಎಂಬುದು ಅಂಥ ಕಡೆ ಪ್ರವೇಶದ ಅರ್ಜಿ ತುಂಬುವ ಮೊದಲೇ ಮನೆಯಲ್ಲಿ ಚರ್ಚೆಯಾಗುತ್ತದೆ.

ಎದುರು ಮಾತಾಡುವ ರೂಢಿ ನಮ್ಮ ಕಡೆ ಇಲ್ಲದೇ ಇರಲಿಲ್ಲ. ಹಳ್ಳಿಯಲ್ಲಿ ಚ್ಯಾಷ್ಟಿ ಮಾಡಿದವನಿಗೆ "ತಡಿ, ನಿಮ್ಮವ್ವಗ ಹೇಳ್ತೀನಿ" ಅಂದರೆ ಸಾಕಿತ್ತು, ಏಕೆಂದರೆ ಅವನವ್ವ ಯಾರೆಂದು ಅವಳಿಗೆ ಗೊತ್ತಿತ್ತು. ಗಟ್ಟಿ ಗಂಟಲಿನ ಹೆಂಗಸೊಬ್ಬಳು ಬಾವಿಕಟ್ಟೆಯಲ್ಲಿ ನಿಂತು ಬೈದರೆ ಇಡೀ ಓಣಿ ಕೇಳುತ್ತಿತ್ತು. ಅದಕ್ಕೂ ಮಿತಿಯಿತ್ತು. ಗೌಡರ ಮನೆಯ ಹುಡುಗನಿಗೆ ಕೂಲಿಗೆ ಹೋಗುವ ಹೆಣ್ಣುಮಗಳು ಹಾಗೆ ಅನ್ನುವಂತಿರಲಿಲ್ಲ, ದಲಿತ ಕೇರಿಯವಳಿಗಂತೂ ಆ ಮಾತೇ ದೂರ. ಹೋಳಿಯಂಥ ಹಬ್ಬ ಬಂದರೆ ಹೊಲಸು ಮಾತಿಗೆ ರೂಢಿಯೇ ರಜೆ ಕೊಟ್ಟಂತಾಗುತ್ತಿತ್ತು, ಹೆಂಗಸರು ಬಾಗಿಲು ಮುಚ್ಚಿ ಒಳಗೆ ಕೂಡುತ್ತಿದ್ದರು. ಶಾಲೆ, ಕಾಲೇಜಿಗೆಂದು ಹುಡುಗಿ ಅಥಣಿಯಿಂದಲೋ ಇಂಡಿಯಿಂದಲೋ ಬಸ್ ಹತ್ತಿ ಜಿಲ್ಲಾ ಕೇಂದ್ರಕ್ಕೆ ಬಂದಾಗ "ನಿಮ್ಮವ್ವಗ ಹೇಳ್ತೀನಿ" ಎಂಬ ಅಸ್ತ್ರ ಊರಲ್ಲೇ ಉಳಿಯಿತು. ಬೈಕ್ ಮೇಲೆ ಹೋದವನ ಅವ್ವ ಯಾರೋ, ಯಾರಿಗೆ ಗೊತ್ತು?

ಕಾನೂನು ಮಾತ್ರ ಬಹಳ ಮೊದಲೇ ಬಂದಿತ್ತು. 1860ರಲ್ಲಿ ರೂಪುಗೊಂಡು 1862ರ ಜನವರಿ 1ರಿಂದ ಜಾರಿಯಾದ ಭಾರತೀಯ ದಂಡ ಸಂಹಿತೆಯ 509ನೇ ಕಲಂ ಹೆಣ್ಣಿನ ಮಾನಕ್ಕೆ ಕುಂದು ತರುವ ಉದ್ದೇಶದ ಮಾತು, ಶಬ್ದ, ಸನ್ನೆ ಮತ್ತು ವಸ್ತು ಪ್ರದರ್ಶನವನ್ನು ಅಪರಾಧವೆಂದಿತು. ಅಂದರೆ ಸಿಳ್ಳೆ ಅಂದಿನಿಂದಲೇ ಕಾನೂನಿನ ಕೈಗೆ ಸಿಗುವಂಥದ್ದು. ಜಮಖಂಡಿ, ಮುಧೋಳ, ರಾಮದುರ್ಗದಂಥ ಸಂಸ್ಥಾನಗಳನ್ನು ಬಿಟ್ಟರೆ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಈ ಭಾಗ ಆಗ ಮುಂಬಯಿ ಪ್ರಾಂತದಲ್ಲಿತ್ತು. ಶಿಕ್ಷೆ ಗರಿಷ್ಠ ಒಂದು ವರ್ಷದ ಸಾದಾ ಸಜೆ. ತೊಡಕು ಇದ್ದದ್ದು ಕಲಮಿನ ದೃಷ್ಟಿಯಲ್ಲಿ. ರಸ್ತೆಯಲ್ಲಿ ನೆಮ್ಮದಿಯಾಗಿ ನಡೆಯುವುದು ಆಕೆಯ ಹಕ್ಕು ಎಂದು ಅದು ಎಲ್ಲಿಯೂ ಹೇಳಲಿಲ್ಲ. ಮಾನ ಹೋಯಿತೇ ಎಂದಷ್ಟೇ ಕೇಳಿತು. ಹಾಗೆ ಕೇಳಿದ ಕೂಡಲೇ, ದೂರು ಕೊಟ್ಟವಳು ಮಾನವಂತೆಯೇ, ಏನು ತೊಟ್ಟಿದ್ದಳು, ಆ ಹೊತ್ತಿನಲ್ಲಿ ಅಲ್ಲೇಕೆ ಇದ್ದಳು ಎಂಬ ಪ್ರಶ್ನೆಗಳು ಸ್ಟೇಷನ್ನಿನಲ್ಲೂ ಕೋರ್ಟಿನಲ್ಲೂ ತಾವಾಗಿಯೇ ಹಿಂಬಾಲಿಸಿದವು.

ಆ ಪ್ರಶ್ನೆಗಳಿಗೆ ಹುಡುಗಿಯರು ಬಹಿರಂಗವಾಗಿ ತಿರುಗಿ ಬಿದ್ದ ಒಂದು ಹಳೆಯ ದಾಖಲೆ ಇದೆ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾಗಿದ್ದ ಗಾಂಧೀಜಿ, 1938ರ ಡಿಸೆಂಬರಿನಲ್ಲಿ 'ಹರಿಜನ' ಪತ್ರಿಕೆಯಲ್ಲಿ ಪಂಜಾಬಿನ ವಿದ್ಯಾರ್ಥಿನಿಯೊಬ್ಬಳ ಪತ್ರಕ್ಕೆ ಉತ್ತರ ಬರೆದರು. ಬೀದಿಯಲ್ಲಿ ಹುಡುಗರ ಕಾಟ ತಾಳಲಾಗುತ್ತಿಲ್ಲ, ಅಹಿಂಸೆಯಿಂದ ಇದನ್ನು ಎದುರಿಸುವುದು ಹೇಗೆ ಎಂದು ಆಕೆ ಕೇಳಿದ್ದಳು. ನಾಚಿಕೆಪಟ್ಟು ಮುಚ್ಚಿಡಬೇಡಿ, ತಪ್ಪಿತಸ್ಥರ ಹೆಸರು ಪತ್ರಿಕೆಯಲ್ಲಿ ಬರಲಿ ಎಂದು ಗಾಂಧೀಜಿ ಹೇಳಿದ್ದು ಇವತ್ತಿಗೂ ಒಪ್ಪುವ ಮಾತು. ಅದೇ ಬರಹದಲ್ಲಿ ಅವರು, ಆಧುನಿಕ ಹುಡುಗಿಯರು ಗಮನ ಸೆಳೆಯಲೆಂದೇ ಉಡುಪು ತೊಡುತ್ತಾರೆ ಎಂದೂ ಸೇರಿಸಿದರು. ಕೋಲ್ಕತ್ತದ ಹನ್ನೊಂದು ಯುವತಿಯರು ಒಟ್ಟಾಗಿ ಅವರಿಗೆ ಪತ್ರ ಬರೆದು ಆ ಮಾತನ್ನು ಪ್ರತಿಭಟಿಸಿದರು. ಉಡುಪಿನ ವಾದಕ್ಕೆ ಈಗ ಕೊಡುವ ಉತ್ತರ ಹೊಸ ಕಾಲದ್ದೆಂದು ತಿಳಿದವರು ಈ ಪತ್ರವನ್ನು ನೆನೆಯಬೇಕು.

ಮುಂದಿನ ದಶಕಗಳಲ್ಲಿ ಕಾನೂನನ್ನು ಎಬ್ಬಿಸಿದ್ದು ಸಾವುಗಳು. 1998ರಲ್ಲಿ ಚೆನ್ನೈನ ಕಾಲೇಜು ವಿದ್ಯಾರ್ಥಿನಿಯೊಬ್ಬಳು ಹುಡುಗರ ಗುಂಪಿನ ಪುಂಡಾಟದಲ್ಲಿ ಗಾಯಗೊಂಡು ಸತ್ತ ಮೇಲೆ ತಮಿಳುನಾಡು ಚುಡಾಯಿಸುವುದರ ವಿರುದ್ಧ ಪ್ರತ್ಯೇಕ ಕಾಯ್ದೆ ತಂದಿತು. ಬೆಂಗಳೂರಿನಲ್ಲಿ 2003ರಲ್ಲಿ ಜಸ್ಮೀನ್ ಪಥೇಜಾ ಆರಂಭಿಸಿದ 'ಬ್ಲ್ಯಾಂಕ್ ನಾಯ್ಸ್' ಬೇರೆ ದಾರಿ ಹಿಡಿಯಿತು. ಕಿರುಕುಳವಾದ ದಿನ ತೊಟ್ಟಿದ್ದ ಬಟ್ಟೆಯನ್ನು ತಂದುಕೊಡಿ ಎಂದು ಹೆಂಗಸರನ್ನು ಕೇಳಿತು. ಬಂದ ಬಟ್ಟೆಗಳಲ್ಲಿ ಎಲ್ಲ ಬಗೆಯವೂ ಇದ್ದವು.

2012ರ ನವೆಂಬರ್ 30ರಂದು ಸುಪ್ರೀಂ ಕೋರ್ಟ್, ಮಹಿಳೆಯೊಂದಿಗೆ ಅಸಭ್ಯವಾಗಿ ನಡೆದುಕೊಂಡ ತಮಿಳುನಾಡಿನ ಪೊಲೀಸನೊಬ್ಬನ ಪ್ರಕರಣದಲ್ಲಿ ಎಲ್ಲ ರಾಜ್ಯಗಳಿಗೂ ನಿರ್ದೇಶನ ಕೊಟ್ಟಿತು. ಬಸ್ ನಿಲ್ದಾಣ, ರೈಲು ನಿಲ್ದಾಣ, ಮಾರುಕಟ್ಟೆಗಳಲ್ಲಿ ಮಫ್ತಿಯಲ್ಲಿ ಮಹಿಳಾ ಪೊಲೀಸರು, ಸಿಸಿಟಿವಿ, ಎಚ್ಚರಿಕೆಯ ಫಲಕ, ಮೂರು ತಿಂಗಳಲ್ಲಿ ಸಹಾಯವಾಣಿ ಇರಬೇಕೆಂದಿತು. ಕೆಲವೇ ದಿನಗಳಲ್ಲಿ ದಿಲ್ಲಿಯ ಬಸ್ಸಿನ ಅತ್ಯಾಚಾರ ಪ್ರಕರಣ ದೇಶವನ್ನು ನಡುಗಿಸಿತು. ಆಮೇಲೆ ಕಾನೂನಿನ ಬದಲಾವಣೆ ಸೂಚಿಸಲು ನೇಮಕವಾದ ನ್ಯಾಯಮೂರ್ತಿ ವರ್ಮಾ ಸಮಿತಿ 2013ರ ಜನವರಿ 23ರಂದು ವರದಿ ಕೊಟ್ಟಿತು. ಅದೇ ವರ್ಷದ ತಿದ್ದುಪಡಿಯಲ್ಲಿ 509ರ ಶಿಕ್ಷೆ ಮೂರು ವರ್ಷಕ್ಕೇರಿತು, ಲೈಂಗಿಕ ಅರ್ಥದ ಮಾತು ಮತ್ತು ಬೆನ್ನು ಹತ್ತುವುದು ಬೇರೆ ಬೇರೆ ಅಪರಾಧಗಳಾದವು. 2024ರ ಜುಲೈ 1ರಿಂದ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದ ಮೇಲೆ ಕಲಂಗಳ ಸಂಖ್ಯೆ ಬದಲಾಗಿದೆ. ಮಾನಕ್ಕೆ ಕುಂದು ತರುವ ಮಾತು, ಶಬ್ದ, ಸನ್ನೆಗೆ 79. ಲೈಂಗಿಕ ಅರ್ಥದ ಮಾತಿಗೆ 75, ಒಂದು ವರ್ಷದವರೆಗೆ ಸಜೆ. ಬೆನ್ನು ಹತ್ತುವುದಕ್ಕೆ 78, ಮೊದಲ ಸಲ ಮೂರು ವರ್ಷ, ಮತ್ತೆ ಮಾಡಿದರೆ ಐದು ವರ್ಷದವರೆಗೆ. ಮೈಮುಟ್ಟಿ ಮಾನಭಂಗಕ್ಕೆ ಯತ್ನಿಸಿದರೆ 74, ಒಂದರಿಂದ ಐದು ವರ್ಷ. ಹುಡುಗಿಗೆ 18 ತುಂಬಿರದಿದ್ದರೆ, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ 11 ಮತ್ತು 12ನೇ ಕಲಂಗಳೂ ಅನ್ವಯ. ಪಿಯುಸಿ ಓದುವ ಬಹುಪಾಲು ಹುಡುಗಿಯರು ಈ ವಯಸ್ಸಿನವರೇ ಆಗಿದ್ದರೂ ಕಾಲೇಜುಗಳಲ್ಲಿ ಇದನ್ನು ಹೇಳಿಕೊಡುವುದು ಕಡಿಮೆ. ಪೋಕ್ಸೊದಲ್ಲಿ ಆಕೆಯ ಹೇಳಿಕೆಯನ್ನು ಮನೆಯಲ್ಲೋ ಆಕೆ ಬಯಸಿದ ಜಾಗದಲ್ಲೋ ಪಡೆಯಬೇಕು, ಪೊಲೀಸರು ಸಮವಸ್ತ್ರದಲ್ಲಿರಬಾರದು, ಆಕೆಯ ಗುರುತು ಪತ್ರಿಕೆಗೆ ಹೋಗಬಾರದು. ಹುಡುಗನೂ 18ರೊಳಗಿನವನಾದರೆ ಪ್ರಕರಣ ಬಾಲ ನ್ಯಾಯ ಮಂಡಳಿಗೆ ಹೋಗುತ್ತದೆ.

ದೂರು ಬಲ ಕಳೆದುಕೊಳ್ಳುವುದು ಹೆಚ್ಚಾಗಿ ಬರವಣಿಗೆಯಲ್ಲಿ. "ನನ್ನನ್ನು ಚುಡಾಯಿಸಿದರು" ಎಂದಷ್ಟೇ ಬರೆದರೆ ಉದ್ದೇಶ ಸಾಬೀತಾಗುವುದು ಕಷ್ಟ. ಏನು ಅಂದನೋ ಆ ಮಾತನ್ನೇ, ಎಷ್ಟೇ ಹೊಲಸಾಗಿರಲಿ, ಅಂದ ಭಾಷೆಯಲ್ಲೇ ಬರೆಸಬೇಕು. ಬೆಳಗಾವಿಯಲ್ಲಿ ಇದಕ್ಕೆ ವಿಶೇಷ ಮಹತ್ವವಿದೆ. ಮಾತು ಮರಾಠಿಯಲ್ಲೋ ಹಿಂದಿಯಲ್ಲೋ ಬಂದಿದ್ದರೆ ಅದನ್ನು ಸಭ್ಯ ಕನ್ನಡಕ್ಕೆ ತಿರುಗಿಸಿ ಬರೆದ ಕೂಡಲೇ ಅದರ ವಿಷ ಇಳಿದುಹೋಗುತ್ತದೆ, ಆಮೇಲೆ ವಕೀಲ "ಇದರಲ್ಲಿ ತಪ್ಪೇನಿದೆ?" ಎಂದು ಕೇಳಬಹುದು. ಅರ್ಥವಾಗದ ಮಾತಾದರೆ ಕೇಳಿಸಿದಷ್ಟನ್ನು ಉಚ್ಚಾರದಂತೆಯೇ ಕನ್ನಡದಲ್ಲಿ ಬರೆದರಾಯಿತು. ಸಿಳ್ಳೆಯಾಗಿದ್ದರೆ ಎಷ್ಟು ಸಲ, ಎಷ್ಟು ದೂರದಿಂದ, ಆಗ ಅವನ ಮುಖ ಯಾರ ಕಡೆಗಿತ್ತು, ಜೊತೆಗೆ ಸನ್ನೆ ಇತ್ತೇ ಎಂಬುದು ಬೇಕು. ಬರೀ ಸಿಳ್ಳೆಯನ್ನು "ಗೆಳೆಯನನ್ನು ಕರೆದೆ" ಎಂದು ಜಾರಿಸುವುದು ಸುಲಭ. ಹಿಂದೆಯೂ ಇದೇ ಜಾಗದಲ್ಲಿ ಆಗಿದ್ದರೆ ಆ ದಿನಾಂಕಗಳೂ ಸೇರಲಿ, ಉದ್ದೇಶ ಅಲ್ಲಿಂದಲೇ ಕಾಣುವುದು. ಬೈಕ್ ನಂಬರ್ ಪೂರ್ತಿ ಸಿಗದಿದ್ದರೆ ಕೊನೆಯ ನಾಲ್ಕು ಅಂಕಿ, ಬಣ್ಣ, ಹಿಂದೆ ಬರೆಸಿದ ಹೆಸರು ಅಥವಾ ಸ್ಟಿಕ್ಕರ್ ಸಾಕಷ್ಟು ಕೆಲಸಕ್ಕೆ ಬರುತ್ತವೆ. ಎದುರಿನ ಅಂಗಡಿಯ ಸಿಸಿಟಿವಿ ಇದ್ದರೆ ಅದೇ ದಿನ ಹೇಳಿ ಉಳಿಸಿಡಿಸಬೇಕು, ಹಾರ್ಡ್ ಡಿಸ್ಕ್ ತುಂಬಿದಂತೆ ಹಳೆಯ ದೃಶ್ಯದ ಮೇಲೆ ಹೊಸದು ಕೂಡುತ್ತದೆ.

79ನೇ ಕಲಮಿನದು ಕೋರ್ಟಿನ ಅಪ್ಪಣೆಗೆ ಕಾಯದೆ ಪೊಲೀಸರೇ ಎಫ್‌ಐಆರ್ ದಾಖಲಿಸಬಹುದಾದ ಅಪರಾಧ. ಅರ್ಜಿ ಇಸಿದುಕೊಂಡು ಹುಡುಗನನ್ನು ಕರೆಸಿ ಬುದ್ಧಿ ಹೇಳಿ ಕಳಿಸುವುದು ಎಫ್‌ಐಆರ್ ಆಗುವುದಿಲ್ಲ. ದೂರು, ತನಿಖೆಯ ಕ್ರಮ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು, ಘಟನೆ ತಮ್ಮ ಹದ್ದಿಯಲ್ಲಿ ಆಗಿಲ್ಲವೆಂದು ಕಳಿಸುವಂತಿಲ್ಲ. ಹೇಳಿಕೆಯನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ಇಮೇಲ್ ಮೂಲಕವೂ ಕಳಿಸಬಹುದು, ಆದರೆ ಮೂರು ದಿನದೊಳಗೆ ಠಾಣೆಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್‌ನ ಪ್ರತಿ ಉಚಿತ. ದಾಖಲಿಸಲು ಒಪ್ಪದಿದ್ದರೆ ಬಾಗಲಕೋಟೆ, ವಿಜಯಪುರದಲ್ಲಿ ಎಸ್‌ಪಿಯವರಿಗೆ, ಬೆಳಗಾವಿ ನಗರದಲ್ಲಿ ಕಮಿಷನರ್ ಕಚೇರಿಗೆ ಬರಹದಲ್ಲಿ ಕಳಿಸಬೇಕು. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಬಹುದು. 79ರ ದೂರನ್ನು ದಾಖಲಿಸದ ಅಧಿಕಾರಿಗೇ ನ್ಯಾಯ ಸಂಹಿತೆಯ 199ನೇ ಕಲಮಿನಲ್ಲಿ ಆರು ತಿಂಗಳಿಂದ ಎರಡು ವರ್ಷದ ಕಠಿಣ ಸಜೆ ಇದೆ. ಇದನ್ನು ಶಾಂತವಾಗಿ ನೆನಪಿಸಿದರೆ ಎಷ್ಟೋ ಸಲ ಪೆನ್ನು ಓಡುತ್ತದೆ.

ಮೊದಲೇ ತಿಳಿದಿರಬೇಕಾದ ಇನ್ನೊಂದು ಸಂಗತಿಯೆಂದರೆ 79 ಜಾಮೀನು ಸಿಗುವ ಅಪರಾಧ. ಹುಡುಗ ಅದೇ ದಿನ ಹೊರಗೆ ಬರಬಹುದು. ಆತ ಅದೇ ಓಣಿಯವನಾಗಿದ್ದರೆ ಆ ಸಂಜೆಯೇ ಹಿರಿಯರು ಹುಡುಗಿಯ ಮನೆಗೆ ಬರುತ್ತಾರೆ: "ಹುಡುಗನ ಭವಿಷ್ಯ ಹಾಳಾಗ್ತೈತಿ, ನಿಮ್ಮ ಮಗಳ ಲಗ್ನಾನೂ ನೋಡಬೇಕಲ್ಲ." ಎಷ್ಟೋ ದೂರುಗಳು ಮಣಿಯುವುದು ಈ ಮಾತಿಗೆ. ಹುಡುಗಿ ಮನೆಯಲ್ಲಿ ಹೇಳಿದಾಗ ಅಪ್ಪ, ಅಣ್ಣ ಸಿಟ್ಟಿನಿಂದ ಹೊರಟು ಹೊಡೆದಾಟವಾದರೆ ಎದುರು ಕೇಸು ಬೀಳುತ್ತದೆ, ಮೂಲ ದೂರು ಅದರಡಿ ಹೂತುಹೋಗುತ್ತದೆ. ಅವಳ ಫೋನ್ ಕಸಿದುಕೊಂಡರೆ ಸಂದೇಶ, ಫೋಟೊದಂಥ ಸಾಕ್ಷಿಯೂ ಅದರೊಡನೆ ಹೋಗುತ್ತದೆ. ಕಾಲೇಜು ಬಿಡಿಸಿದರೆ, ಅದನ್ನು ಕಂಡ ಓಣಿಯ ಉಳಿದ ಹುಡುಗಿಯರು ಇನ್ನು ಬಾಯಿ ಬಿಡುವುದಿಲ್ಲ.

ಪೊಲೀಸ್ ಪಡೆಗಳಿಂದಲೇ ಎಲ್ಲ ಸರಿಹೋಗುವುದಿಲ್ಲ ಎಂಬುದಕ್ಕೂ ಅನುಭವ ಇದೆ. ಹೈದರಾಬಾದಿನಲ್ಲಿ 2014ರಲ್ಲಿ ಆರಂಭವಾದ 'ಶೀ ಟೀಮ್ಸ್' ಮಫ್ತಿಯಲ್ಲಿ ನಿಂತು ವಿಡಿಯೊ ಮಾಡಿ, ಸಿಕ್ಕವರ ಮನೆಯವರನ್ನೂ ಕರೆಸಿ ಸಮಾಲೋಚನೆ ನಡೆಸಿತು. ಹುಡುಗಿ ಮುಂದೆ ಬರದೆಯೂ ಸಾಕ್ಷಿ ಸಿಗುವುದು ಅದರ ಲಾಭ. ಉತ್ತರ ಪ್ರದೇಶದಲ್ಲಿ 2017ರಲ್ಲಿ ಬಂದ 'ಆ್ಯಂಟಿ ರೋಮಿಯೊ' ಪಡೆಗಳು ಜೊತೆಯಾಗಿ ಕೂತ ಹುಡುಗ ಹುಡುಗಿಯರನ್ನೇ ತಡೆದು ವಿಚಾರಿಸಿ ಟೀಕೆಗೆ ಗುರಿಯಾದವು. ಹುಡುಗಿಯ ಮೇಲೆ ಕಾವಲು ಹಾಕುವುದೂ ಹುಡುಗಿಯನ್ನು ಕಾಪಾಡುವುದೂ ಒಂದೇ ಎಂದು ತಿಳಿದಾಗ ಹೀಗಾಗುತ್ತದೆ.

2023ರ ಜೂನ್ 11ರಂದು ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನಲ್ಲಿ ಹೆಂಗಸರ ಸಂಖ್ಯೆ ಹೆಚ್ಚಿದೆ. ಬಸ್ಸಿನೊಳಗೆ ಒಬ್ಬಳು ದನಿಯೆತ್ತಿದರೆ ಜೊತೆಗೆ ನಾಲ್ವರು ಎತ್ತುವ ಸಾಧ್ಯತೆ ಇದರಿಂದ ಬೆಳೆದಿದೆ. 2012ರ ತೀರ್ಪಿನಲ್ಲೇ ಇನ್ನೊಂದು ನಿರ್ದೇಶನವಿದೆ: ಬಸ್ಸಿನೊಳಗೆ ಹೀಗಾಗಿ ಆಕೆ ದೂರು ಹೇಳಿದರೆ ಸಿಬ್ಬಂದಿ ಬಸ್ಸನ್ನು ಹತ್ತಿರದ ಪೊಲೀಸ್ ಠಾಣೆಗೆ ಒಯ್ಯಬೇಕು, ತಪ್ಪಿದರೆ ವಾಹನದ ಪರವಾನಗಿಯೇ ರದ್ದಾಗಬಹುದು. ಕಂಡಕ್ಟರ್ "ಅವನ್ನ ಇಳಿಸಿಬಿಡ್ತೀನಿ, ಬಿಡವ್ವಾ" ಎಂದರೆ ಆತ ಇಳಿದು ಮುಂದಿನ ಬಸ್ ಹತ್ತುತ್ತಾನೆ. ಅದಕ್ಕೆ "ಇಳಸಬ್ಯಾಡ್ರಿ, ಬಸ್ಸನ್ನ ಪೊಲೀಸ್ ಸ್ಟೇಶನ್‌ಗೆ ತಗೊಳ್ರಿ" ಎಂದು ಎಲ್ಲರಿಗೂ ಕೇಳುವಂತೆ ಹೇಳಬೇಕು, ಟಿಕೆಟನ್ನು ಎಸೆಯದೆ ಇಟ್ಟುಕೊಳ್ಳಬೇಕು. ಶಕ್ತಿ ಯೋಜನೆಯ ಶೂನ್ಯ ಟಿಕೆಟ್ಟೂ ಆಗುತ್ತದೆ, ಆಕೆ ಆ ದಿನ ಆ ಬಸ್ಸಿನಲ್ಲಿದ್ದಳು ಎಂಬುದಕ್ಕೆ ಅದೇ ಪುರಾವೆ. ತುರ್ತಾದರೆ 112. ಕರೆ ಮಾಡಿದಾಗ ಊರ ಹೆಸರಿಗಿಂತ ಮೊದಲು ಬಸ್ಸಿನ ನಂಬರ್ ಮತ್ತು ಈಗಷ್ಟೇ ದಾಟಿದ ಸ್ಟಾಪ್ ಹೇಳಿದರೆ ಗಾಡಿ ಬೇಗ ಬರುತ್ತದೆ.