ಬಾರಿಸದೆ ಬಿಟ್ಟ ಪೆಟ್ಟು

ಬ್ಲೂಸ್ ಡ್ರಮ್ಸ್ ಕಲಿಯಲು ಕುಳಿತವರಿಗೆ ಮೊದಲು ಎದುರಾಗುವುದು ಷಫಲ್ ಎಂಬ ಲಯದ ನಡೆ. ಒಂದು ಬೀಟನ್ನು ಮೂರು ಸಮಭಾಗ ಮಾಡಿಕೊಂಡು ಮೊದಲನೆಯದನ್ನೂ ಮೂರನೆಯದನ್ನೂ ಬಾರಿಸಬೇಕು, ನಡುವಿನದನ್ನು ಬಿಡಬೇಕು. ಬಾಯಲ್ಲಿ ‘ತಕಿಟ’ ಹೇಳಿಕೊಳ್ಳುತ್ತಾ ‘ಕಿ’ ಬಂದಾಗ ಕೈ ತಡೆದರೆ ಸಾಕು: ತ–ಟ, ತ–ಟ. ಬಲಗೈ ಹೈಹ್ಯಾಟ್ ಎಂಬ ಜೋಡಿ ತಾಳದ ಮೇಲೆ ಇದನ್ನು ನಡೆಸುತ್ತಿರುವಾಗ ಎಡಗೈ, ನಾಲ್ಕು ಬೀಟುಗಳ ಪ್ರತಿ ಬಾರ್ ಅಂದರೆ ಆವರ್ತದಲ್ಲಿ, ಎರಡನೆಯ ಮತ್ತು ನಾಲ್ಕನೆಯ ಬೀಟಿಗೆ ಸ್ನೇರ್ ಎಂಬ ಚಿಕ್ಕ ಡ್ರಮ್ ಹೊಡೆಯುತ್ತದೆ, ಬಲಗಾಲು ಒಂದು ಮತ್ತು ಮೂರಕ್ಕೆ ಬಾಸ್ ಡ್ರಮ್ಮಿನ ಪೆಡಲ್ ತುಳಿಯುತ್ತದೆ. ಹೇಳುವುದಕ್ಕೆ ಇಷ್ಟೇ. ಕಲಿಯತೊಡಗಿ ಮೂರು ವಾರ ಕಳೆದರೂ ನನಗೆ ಕಷ್ಟವಾಗಿದ್ದದ್ದು ಮಾತ್ರ ಬಾರಿಸಬೇಕಾದ ಪೆಟ್ಟುಗಳಲ್ಲ, ಬಾರಿಸದೆ ಬಿಡಬೇಕಾದ ಆ ನಡುವಿನ ಒಂದು ಪೆಟ್ಟು.

ಲೆಕ್ಕ ಹಾಕಿದರೆ ಕಷ್ಟ ಎಲ್ಲಿದೆ ಎಂದು ತಿಳಿಯುತ್ತದೆ. ನಿಮಿಷಕ್ಕೆ 120 ಬೀಟ್ ಎಂದರೆ ಒಂದು ಬೀಟಿಗೆ 500 ಮಿಲಿಸೆಕೆಂಡ್. ಷಫಲ್‌ನಲ್ಲಿ ‘ತ’ದಿಂದ ‘ಟ’ದವರೆಗೆ ಸುಮಾರು 333, ‘ಟ’ದಿಂದ ಮುಂದಿನ ‘ತ’ದವರೆಗೆ 167. ಆ ‘ಟ’ ಬೇಗ ಬಂದು ಎರಡೂ ಕಡೆ 250 ಆಗಿಬಿಟ್ಟರೆ ಷಫಲ್ ಹೋಗಿ ಸಪಾಟಾದ ನಡೆ ಉಳಿಯುತ್ತದೆ. ತಡವಾಗಿ ಬಂದು ಕೊನೆಯ ಪಾಲು 125ಕ್ಕೆ ಇಳಿದರೆ ಸೈನಿಕರ ಕವಾಯತಿನ ಬಿಗಿತ ಬರುತ್ತದೆ. 167ಕ್ಕೂ 125ಕ್ಕೂ ಇರುವ ಅಂತರ 42 ಮಿಲಿಸೆಕೆಂಡ್. ಕಣ್ಣು ರೆಪ್ಪೆ ಹೊಡೆಯಲು ಇದಕ್ಕಿಂತ ಹೆಚ್ಚು ಹೊತ್ತು ಬೇಕು. ಆದರೂ ಕಿವಿ ಈ ವ್ಯತ್ಯಾಸವನ್ನು ಹಿಡಿಯುತ್ತದೆ. ನನ್ನ ಅಭ್ಯಾಸವನ್ನು ಮೊಬೈಲಿನಲ್ಲಿ ಮುದ್ರಿಸಿ, ಧ್ವನಿಯ ಅಲೆಗಳನ್ನು ಪರದೆಯಲ್ಲಿ ಹಿಗ್ಗಿಸಿ ನೋಡಿದೆ. ಮೊದಲ ಅರ್ಧ ನಿಮಿಷ ಜೋಡಿ ಗೀಟುಗಳು ಸರಿಯಾಗಿಯೇ ನಿಂತಿದ್ದವು. ಎಡಗೈ ಸೇರಿದ ಮೇಲೆ ‘ಟ’ದ ಗೀಟು ಸಾಲು ಸಾಲಿಗೂ ಸ್ವಲ್ಪ ಸ್ವಲ್ಪವೇ ಬೀಟಿನ ನಡುಮಧ್ಯಕ್ಕೆ ಜರುಗುತ್ತಾ ಹೋಗಿತ್ತು.

ಇದು ಅಭ್ಯಾಸದ ಕೊರತೆ ಮಾತ್ರವಲ್ಲ, ದೇಹದ ಸ್ವಭಾವವೂ ಹೌದು. ಎರಡೂ ಅಂಗೈಗಳನ್ನು ಮೇಜಿನ ಮೇಲಿಟ್ಟು ತೋರುಬೆರಳುಗಳನ್ನು ಕಾರಿನ ವೈಪರ್‌ಗಳ ಹಾಗೆ ಒಟ್ಟಿಗೆ ಎಡಕ್ಕೆ, ಒಟ್ಟಿಗೆ ಬಲಕ್ಕೆ ಆಡಿಸಿ ನೋಡಿ. ನಿಧಾನವಾಗಿ ವೇಗ ಹೆಚ್ಚಿಸಿ. ಒಂದು ಹಂತ ದಾಟುತ್ತಲೇ, ನೀವು ಬೇಡವೆಂದರೂ, ಬೆರಳುಗಳು ಕನ್ನಡಿಯ ಬಿಂಬದಂತೆ ಒಟ್ಟಿಗೆ ಒಳಕ್ಕೆ, ಒಟ್ಟಿಗೆ ಹೊರಕ್ಕೆ ಆಡತೊಡಗುತ್ತವೆ. ಕನ್ನಡಿ ಚಲನೆಯಿಂದ ಆರಂಭಿಸಿ ವೇಗ ಹೆಚ್ಚಿಸಿದರೆ ಇಂಥ ಪಲ್ಲಟವಾಗುವುದಿಲ್ಲ. ಸ್ಕಾಟ್ ಕೆಲ್ಸೊ ಎಂಬ ವಿಜ್ಞಾನಿ 1980ರ ದಶಕದ ಆರಂಭದಲ್ಲಿ ಇದನ್ನು ಪ್ರಯೋಗಗಳಲ್ಲಿ ತೋರಿಸಿದರು. 1985ರಲ್ಲಿ ಹರ್ಮನ್ ಹಾಕೆನ್ ಮತ್ತು ಹರ್ಬರ್ಟ್ ಬುಂಜ್ ಅವರೊಂದಿಗೆ ಇದಕ್ಕೆ ಗಣಿತದ ಸಮೀಕರಣವನ್ನೂ ಕೊಟ್ಟರು. ನಮ್ಮ ಎರಡು ಕೈಗಳನ್ನು ನಡೆಸುವ ನರವ್ಯವಸ್ಥೆಗಳ ನಡುವೆ ಬಲವಾದ ನಂಟಿದೆ, ವೇಗ ಏರಿದಂತೆ ಅವು ಅತಿ ಸುಲಭವಾದ ಹೊಂದಾಣಿಕೆಗೆ ಜಾರುತ್ತವೆ. ಡ್ರಮ್ಸ್ ಮುಂದೆ ಕುಳಿತಾಗ ಆಗುವುದೂ ಇದೇ. ಬಲಗೈ ‘ಟ’ ಬಾರಿಸುವಾಗ ಎಡಗೈಯೂ ಜೊತೆಗೆ ಏಳಲು ತವಕಿಸುತ್ತದೆ. ಎಡಗೈಯನ್ನು ತಡೆಯಲು ಹೋದರೆ ಬಲಗೈಯ ನಡೆ ಕೆಡುತ್ತದೆ. ಆದ್ದರಿಂದ ಗುರುಗಳು ‘ನಿಧಾನ, ಇನ್ನೂ ನಿಧಾನ’ ಎನ್ನುವುದು ಬರಿಯ ಶಿಸ್ತಿನ ಮಾತಲ್ಲ. ಕೈಗಳು ಜಾರಿಬೀಳುವ ಆ ವೇಗಕ್ಕಿಂತ ಕೆಳಗೆ ನಿಂತು ಕಲಿಯಬೇಕು.

ಆದರೆ ನಿಧಾನಕ್ಕೆ ಅದರದೇ ಒಂದು ಕಷ್ಟವಿದೆ, ನನಗೆ ಅತ್ಯಂತ ಕುತೂಹಲಕರವೆನಿಸಿದ್ದು ಅದೇ. ನಿಮಿಷಕ್ಕೆ 60ರ ನಿಧಾನ ಬ್ಲೂಸ್‌ನಲ್ಲಿ ಒಂದು ಬೀಟಿಗೆ ಒಂದು ಪೂರ್ತಿ ಸೆಕೆಂಡ್. ಹನ್ನೆರಡು ಬಾರ್‌ಗಳ ಒಂದು ಸುತ್ತು ಮುಗಿಯಲು 48 ಸೆಕೆಂಡ್ ಬೇಕು. ಕಾಲವನ್ನು ಅಂದಾಜು ಮಾಡುವಾಗ ನಮ್ಮ ತಪ್ಪು ಆ ಕಾಲದ ಉದ್ದಕ್ಕೆ ತಕ್ಕಂತೆ ಬೆಳೆಯುತ್ತದೆ. ಅರ್ಧ ಸೆಕೆಂಡಿನ ಅಂತರವನ್ನು ಕಾಯ್ದುಕೊಂಡಷ್ಟು ಕರಾರುವಾಕ್ಕಾಗಿ ಒಂದು ಸೆಕೆಂಡಿನದನ್ನು ಕಾಯ್ದುಕೊಳ್ಳಲಾರೆವು. ಇನ್ನೊಂದು ಸಂಗತಿ: ಸಮ ಅಂತರದಲ್ಲಿ ಕ್ಲಿಕ್ ಎನ್ನುವ ಮೆಟ್ರೊನೋಮ್ ಜೊತೆ ಬೆರಳು ತಟ್ಟಲು ಹೇಳಿದರೆ, ಹೆಚ್ಚಿನವರ ಬೆರಳು ಸದ್ದಿಗಿಂತ ಹತ್ತಾರು ಮಿಲಿಸೆಕೆಂಡ್ ಮೊದಲೇ ಬೀಳುತ್ತದೆ. ಸರಿಯಾಗಿ ಸದ್ದಿನೊಡನೆಯೇ ತಟ್ಟಿದೆವೆಂದು ಅವರ ನಂಬಿಕೆ. ಖಾಲಿ ಬಿಟ್ಟ ಕಾಲವನ್ನು ಮನಸ್ಸು ಚಿಕ್ಕದೆಂದು ಎಣಿಸುತ್ತದೆ ಎಂಬುದು ಇದಕ್ಕೆ ಕೊಡುವ ಒಂದು ವಿವರಣೆ. ಆ ಖಾಲಿಯ ನಡುವೆ ಬೇರೆ ಸದ್ದುಗಳನ್ನೋ ಚಲನೆಗಳನ್ನೋ ತುಂಬಿದರೆ ಅವಸರ ಕಡಿಮೆಯಾಗುತ್ತದೆ.

ನಿಧಾನ ಬ್ಲೂಸ್‌ನಲ್ಲಿ ಹೈಹ್ಯಾಟ್ ಏಕೆ ಒಂದು ಬಾರ್‌ಗೆ ಹನ್ನೆರಡು ಪೆಟ್ಟನ್ನೂ ಬಿಡದೆ ಬಾರಿಸುತ್ತದೆ ಎಂಬುದು ನನಗೆ ಆಗ ಹೊಳೆಯಿತು. ಅದನ್ನು ಅಲಂಕಾರ ಎಂದುಕೊಂಡಿದ್ದೆ. ಅದು ಒಂದು ಸೆಕೆಂಡನ್ನು ಮೂರಾಗಿ ಸೀಳಿ ಅಳೆಯುವ ಅಳತೆಗೋಲು. ಷಫಲ್ ಕಲಿಯಬೇಕಾದವರೂ ಮೊದಲು ಮೂರೂ ಪೆಟ್ಟನ್ನು ಬಾರಿಸಿ, ಆಮೇಲೆ ‘ಕಿ’ಯನ್ನು ಮೆಲ್ಲಗೆ ಮಾಡುತ್ತಾ ಬಂದು, ಕೊನೆಗೆ ಕೋಲು ತಗಲದಂತೆ ಗಾಳಿಯಲ್ಲೇ ಬಾರಿಸಿದರೆ ಬೇಗ ದಾರಿ ಸಿಗುತ್ತದೆ. ಸದ್ದು ನಿಂತರೂ ಎಣಿಕೆ ನಿಲ್ಲಬಾರದು. ಲಯವನ್ನು ಅಲುಗಾಡದೆ ಕುಳಿತು ಕೇಳುವಾಗಲೂ ಮಿದುಳಿನಲ್ಲಿ ಚಲನೆಗೆ ಸಂಬಂಧಿಸಿದ ಭಾಗಗಳು, ಮುಖ್ಯವಾಗಿ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ, ಚುರುಕಾಗುತ್ತವೆ ಎಂದು ಸ್ಕ್ಯಾನ್‌ಗಳು ತೋರಿಸಿವೆ. ಸುಮ್ಮನೆ ಕೂತು ಒಳ್ಳೆಯ ಷಫಲ್ ಕೇಳುವುದನ್ನೂ ನಾನು ಅಭ್ಯಾಸದಲ್ಲೇ ಸೇರಿಸಿಕೊಂಡಿದ್ದೇನೆ.

ಕೇಳಬೇಕಾದವರಲ್ಲಿ ಡ್ರಮ್ಸ್ ವಾದಕ ಫ್ರೆಡ್ ಬಿಲೋ ಮೊದಲಿಗರು. ಮಿಸಿಸಿಪಿಯ ಕಡೆಯಿಂದ ಬಂದ ಬ್ಲೂಸ್ 1950ರ ದಶಕದ ಚಿಕಾಗೊದಲ್ಲಿ ವಿದ್ಯುತ್ ಗಿಟಾರ್ ಹಿಡಿದು ಸದ್ದು ಏರಿಸಿಕೊಂಡಾಗ, ಬ್ಲೂಸ್ ಗಾಯಕರಾದ ಲಿಟಲ್ ವಾಲ್ಟರ್, ಮಡ್ಡಿ ವಾಟರ್ಸ್ ಅವರ ಧ್ವನಿಮುದ್ರಣಗಳಿಗೆ ಬೆನ್ನೆಲುಬಾದವರು ಅವರು. ಜಾಝ್‌ನಲ್ಲಿ ಪಳಗಿದ್ದ ಕೈ. ಆದರೂ ಮೊದಮೊದಲು ಬ್ಲೂಸ್ ಅವರಿಗೆ ಒಗ್ಗಲಿಲ್ಲ. ಬರುವ ಹೊತ್ತಿಗೆ ಬಂದು, ಗಾಯಕನಿಗೆ ಜಾಗ ಬಿಟ್ಟು ನಿಲ್ಲುವ ಸಂಗೀತವಿದು. ಅಂದಹಾಗೆ, ಮೂರರಲ್ಲಿ ಎರಡು ಪಾಲು, ಒಂದು ಪಾಲು ಎಂಬ ಲೆಕ್ಕ ಕಲಿಯುವವರಿಗೆ ಆಸರೆ ಮಾತ್ರ. ಜಾಝ್ ವಾದಕರ ಮುದ್ರಣಗಳನ್ನು ಅಳೆದಾಗ, ವೇಗ ಹೆಚ್ಚಿದಂತೆ ಈ ಎರಡು ಪಾಲುಗಳು ಸಮವಾಗುತ್ತಾ ಬರುವುದು ಕಂಡುಬಂದಿದೆ. ಅಲ್ಲಿಗೆ ಹೋಗುವ ಮೊದಲು ಮೂರು ಸಮಭಾಗ ಮೈಗೆ ಹತ್ತಬೇಕು.

ನಾನೀಗ ಮೆಟ್ರೊನೋಮನ್ನು ನಿಮಿಷಕ್ಕೆ 30ಕ್ಕೆ ಇಟ್ಟು, ಅದರ ಕ್ಲಿಕ್ ಸ್ನೇರ್ ಬೀಳುವ ಎರಡು ಮತ್ತು ನಾಲ್ಕನೆಯ ಬೀಟಿಗೇ ಬರುವಂತೆ ಬಾರಿಸುತ್ತೇನೆ. ಕ್ಲಿಕ್ಕಿನಿಂದ ಕ್ಲಿಕ್ಕಿಗೆ ಎರಡು ಸೆಕೆಂಡ್, ನಡುವೆ ಹಿಡಿದುಕೊಳ್ಳಲು ಏನೂ ಇಲ್ಲ, ನನ್ನೊಳಗಿನ ತಕಿಟದ ಹೊರತು. ಸ್ನೇರ್ ಸರಿಯಾದ ಜಾಗಕ್ಕೆ ಬಿದ್ದಾಗ ಕ್ಲಿಕ್ ಅದರ ಸದ್ದಿನಡಿ ಮುಚ್ಚಿಹೋಗಿ ಕೇಳಿಸುವುದೇ ಇಲ್ಲ. ನಿನ್ನೆ ರಾತ್ರಿ ಸತತ ಏಳು ಬಾರ್ ಕೇಳಿಸಲಿಲ್ಲ.