ಲೆಕ್ಕ ಜೇಬಿನಲ್ಲೇ ಆಗಲಿ

ಹೋದ ಅಕ್ಟೋಬರ್‌ನಲ್ಲಿ ಒಂದು ಭಾನುವಾರ ಮೈಸೂರಿನಿಂದ ಊರಿಗೆ ಹೋಗಿದ್ದೆ. ನಮ್ಮೂರು ಮಳವಳ್ಳಿ ಕಡೆ. ಬೆಳಿಗ್ಗೆ ಕಾಫಿ ಕುಡಿದು ಚಿಕ್ಕಪ್ಪನ ಜೊತೆ ಗದ್ದೆಗೆ ಹೊರಟೆ. ಬದುವಿನ ಮೇಲೆ ನಡೆಯುತ್ತಿದ್ದ ಚಿಕ್ಕಪ್ಪ ಬಗ್ಗಿ, ಭತ್ತದ ಒಂದು ಗರಿ ಕಿತ್ತು ನನ್ನ ಕೈಗೆ ಕೊಟ್ಟರು. ಗರಿಯ ಮೇಲೆ ನಾಲ್ಕೈದು ಮಚ್ಚೆ. ಸುತ್ತ ಕಂದು ಅಂಚು, ನಡುವೆ ಬೂದಿ ಬಣ್ಣ. ಕೆಲವು ಎರಡೂ ತುದಿಯಲ್ಲಿ ಚೂಪಾಗಿದ್ದವು, ಇನ್ನು ಕೆಲವು ದುಂಡಗೆ.

“ಬೆಂಕಿ ರೋಗನೋ, ಕಂದು ಚುಕ್ಕೆನೋ ನೋಡು ಮಗ. ನಿನ್ ಫೋನ್ ಹೇಳ್ತದಲ್ಲ” ಅಂದರು.

ಈ ಎರಡರ ನಡುವಿನ ವ್ಯತ್ಯಾಸ ಸಣ್ಣದಲ್ಲ. ಯೂರಿಯಾ ಜಾಸ್ತಿ ಬಿದ್ದರೆ ಬೆಂಕಿ ರೋಗ ಇನ್ನೂ ಹಬ್ಬುತ್ತದೆ. ಕಂದು ಚುಕ್ಕೆ ಬಹಳ ಸಲ ಮಣ್ಣಿನಲ್ಲಿ ಸತ್ವ ಸೋತ ಕಡೆ ಬರುತ್ತದೆ. ಒಂದಕ್ಕೆ ಯೂರಿಯಾ ಕಡಿಮೆ ಮಾಡಬೇಕು, ಇನ್ನೊಂದಕ್ಕೆ ಮಣ್ಣಿಗೆ ಸತ್ವ ಕೊಡಬೇಕು. ಮೊದಮೊದಲು ಮಚ್ಚೆಗಳು ಚಿಕ್ಕದಾಗಿದ್ದಾಗ ಪಳಗಿದ ಕಣ್ಣಿಗೂ ಅನುಮಾನ ಬರುತ್ತದೆ.

ನಾನು ಆ್ಯಪ್ ತೆರೆದು ಫೋಟೊ ತೆಗೆದೆ. ಪರದೆಯ ಮೇಲೆ ಚಕ್ರ ತಿರುಗಿತು, ತಿರುಗುತ್ತಲೇ ಇತ್ತು. ಆಮೇಲೆ ಒಂದು ಸಾಲು ಬಂತು: ಇಂಟರ್ನೆಟ್ ಸಂಪರ್ಕ ಪರಿಶೀಲಿಸಿ. ರಾತ್ರಿಯಿಂದ ಕರೆಂಟ್ ಇರಲಿಲ್ಲ, ಟವರ್ ಕೂಡ ಸುಮ್ಮನಾಗಿತ್ತು. ಚಿಕ್ಕಪ್ಪ ಏನೂ ಅನ್ನಲಿಲ್ಲ. ಗರಿಯನ್ನು ವಾಪಸ್ ತಗೊಂಡು ಅಂಗಿಯ ಜೇಬಿಗೆ ಹಾಕಿಕೊಂಡರು, ಗೊಬ್ಬರದ ಅಂಗಡಿಯವರಿಗೆ ತೋರಿಸೋಣ ಅಂತ.

ಅವತ್ತು ನನಗೆ ನಿಜಕ್ಕೂ ಬೇಜಾರಾಯಿತು. ನಾನು ಹೊಸ ಫೋನು, ಹೊಸ ಚಿಪ್ಪು ಅಂದರೆ ಊಟ ಬಿಟ್ಟು ಓದುವವನು. ಆ ಮಚ್ಚೆಯ ಲೆಕ್ಕ ಮಾಡುವಷ್ಟು ಶಕ್ತಿ ನನ್ನ ಕೈಯಲ್ಲಿದ್ದ ಫೋನಿಗೇ ಇದೆ ಅಂತ ನನಗೆ ಗೊತ್ತಿತ್ತು. ಆದರೆ ಆ ಆ್ಯಪ್ ಫೋಟೊವನ್ನು ದೂರದ ಯಾವುದೋ ಕಂಪ್ಯೂಟರಿಗೆ ಕಳಿಸಿ, ಅಲ್ಲಿಂದ ಉತ್ತರ ತರುವ ಹಾಗೆ ಮಾಡಿದ್ದರು.

ಎಷ್ಟು ಶಕ್ತಿ ಬೇಕು ಅಂತ ನೋಡೋಣ. 2017ರಲ್ಲಿ ಗೂಗಲ್‌ನವರು ಮೊಬೈಲ್‌ನೆಟ್ ಅನ್ನುವ ಮಾಡೆಲ್ ಹೊರಗೆ ತಂದರು. ಮಾಡೆಲ್ ಅಂದರೆ ಉದಾಹರಣೆ ನೋಡಿ ನೋಡಿ ಕಲಿತ ಪ್ರೋಗ್ರಾಂ. ಇದು ಚಿತ್ರ ನೋಡಿ ಅದರಲ್ಲಿರುವುದು ಏನು ಅಂತ ಗುರುತಿಸುವ, ಫೋನಿಗೆಂದೇ ಮಾಡಿದ್ದು. ನಾವು ತೆಗೆದ ಫೋಟೊವನ್ನು ಅದು ಮೊದಲು 224 ಅಡ್ಡ, 224 ಉದ್ದದ ಚುಕ್ಕಿಗಳಿಗೆ ಕುಗ್ಗಿಸುತ್ತದೆ. ಒಂದೊಂದು ಚುಕ್ಕಿಗೆ ಕೆಂಪು, ಹಸಿರು, ನೀಲಿ ಅಂತ ಮೂರು ಸಂಖ್ಯೆ. ಅಲ್ಲಿಗೆ ಒಟ್ಟು ಒಂದೂವರೆ ಲಕ್ಷ ಸಂಖ್ಯೆ. ಆಮೇಲೆ ಗುಣಿಸಿ ಕೂಡುವ ಕೆಲಸ, ಸುಮಾರು 57 ಕೋಟಿ ಸಲ. ದೊಡ್ಡದು ಅನ್ನಿಸುತ್ತದೆ ಅಲ್ವಾ? ಈಗಿನ ಒಳ್ಳೆಯ ಫೋನುಗಳಲ್ಲಿ ಇಂಥ ಲೆಕ್ಕಕ್ಕೆಂದೇ ಎನ್‌ಪಿಯು ಅನ್ನುವ ಬೇರೆ ಭಾಗ ಇದೆ. ಅದು ಒಂದು ಸೆಕೆಂಡಿಗೆ ಲಕ್ಷ ಕೋಟಿಗಳ ಲೆಕ್ಕದಲ್ಲಿ ಗುಣಾಕಾರ ಮಾಡುತ್ತದೆ. 57 ಕೋಟಿ ಅದಕ್ಕೆ ಕಣ್ಣು ಮಿಟುಕಿಸುವಷ್ಟು ಹೊತ್ತೂ ಹಿಡಿಯುವುದಿಲ್ಲ. ಮಾಡೆಲ್ ಕಲಿತದ್ದೆಲ್ಲ 42 ಲಕ್ಷ ಸಂಖ್ಯೆಗಳಲ್ಲಿ ಕೂತಿರುತ್ತದೆ. ಒಂದು ಸಂಖ್ಯೆಗೆ ಒಂದು ಬೈಟ್ ಅಂದರೂ ನಾಲ್ಕು ಎಂಬಿ ಚಿಲ್ಲರೆ. ವಾಟ್ಸ್‌ಆ್ಯಪ್‌ನಲ್ಲಿ ಬರುವ ಒಂದು ಸಣ್ಣ ವಿಡಿಯೊದಷ್ಟು.

ಇದು ಬರೀ ಕಾಗದದ ಮೇಲಿನ ಲೆಕ್ಕ ಅಲ್ಲ. ಆಫ್ರಿಕಾದ ರೈತರಿಗಾಗಿ ಮಾಡಿದ ನೂರು ಅನ್ನುವ ಆ್ಯಪ್ ಇದೆ. ಮರಗೆಣಸಿನ ಗಿಡದ ಎಲೆ ನೋಡಿ ರೋಗ ಹೇಳುತ್ತದೆ, ನೆಟ್ ಇಲ್ಲದೆಯೇ, ಸಾಧಾರಣ ಆಂಡ್ರಾಯ್ಡ್ ಫೋನಿನಲ್ಲಿ. ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಪ್ಲಾಂಟ್‌ವಿಲೇಜ್ ತಂಡ ಮಾಡಿದ್ದು. ಅಲ್ಲಿ ಆದದ್ದು ಮಳವಳ್ಳಿಯಲ್ಲಿ ಯಾಕಾಗಬಾರದು ಅನ್ನುವುದೇ ನನ್ನ ಪ್ರಶ್ನೆ.

ಹತ್ತಿರದಲ್ಲೇ ಶಕ್ತಿ ಇದ್ದೂ ಕೈಗೆ ಸಿಗದಿರುವುದು ನಮ್ಮ ಮಂಡ್ಯ ಜಿಲ್ಲೆಗೆ ಹೊಸದಲ್ಲ. ನಮ್ಮದೇ ತಾಲ್ಲೂಕಿನ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ಕರೆಂಟ್ ತೆಗೆದದ್ದು 1902ರಲ್ಲಿ. ಅದು ಮೊದಲು ಹೋದದ್ದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿಗೆ ಹೋಯಿತು. ಅಷ್ಟು ದೂರ ತಂತಿ ಎಳೆದದ್ದು ಆ ಕಾಲಕ್ಕೆ ದೊಡ್ಡ ಸಾಹಸ, ಅದರ ಬಗ್ಗೆ ನನಗೆ ಹೆಮ್ಮೆಯೂ ಇದೆ. ಆದರೆ ನಮ್ಮೂರಿನ ಮನೆಗಳಿಗೆ ಬಲ್ಬು ಬಂದದ್ದು ಅದಾಗಿ ಎಷ್ಟೋ ದಶಕದ ಮೇಲೆ. ಗದ್ದೆಯಲ್ಲಿ ನಿಂತು ಫೋನ್ ಹಿಡಿದಾಗ ನನಗೆ ನೆನಪಾದದ್ದು ಅದೇ.

ಹಾಗಂತ ನಾಲ್ಕು ಎಂಬಿ ಮಾಡೆಲ್ ಫೋನಿಗೆ ಹಾಕಿಬಿಟ್ಟರೆ ಮುಗಿಯಿತಾ? ಇಲ್ಲ. ಇಲ್ಲಿ ಒಂದು ದೊಡ್ಡ ತೊಡಕಿದೆ. 2016ರಲ್ಲಿ ಅದೇ ಪ್ಲಾಂಟ್‌ವಿಲೇಜ್‌ನ 54,306 ಎಲೆ ಚಿತ್ರಗಳನ್ನು ಕೊಟ್ಟು ಒಂದು ಮಾಡೆಲ್‌ಗೆ ಕಲಿಸಿದರು. ಪರೀಕ್ಷೆಗೆ ಎತ್ತಿಟ್ಟಿದ್ದ ಚಿತ್ರಗಳಲ್ಲಿ ಅದು 99.35 ಶೇಕಡಾ ಸರಿ ಹೇಳಿತು. ಎಲ್ಲರೂ ಬೆರಗಾದರು. ಆದರೆ ಬೇರೆ ಕಡೆಯಿಂದ, ಬೇರೆ ಥರ ತೆಗೆದ ಚಿತ್ರ ಕೊಟ್ಟಾಗ ಅದು ಶೇಕಡಾ 31ರ ಆಸುಪಾಸಿಗೆ ಇಳಿಯಿತು. ಯಾಕೆ ಅಂದರೆ ಕಲಿಸಿದ ಚಿತ್ರಗಳೆಲ್ಲ ಎಲೆಯನ್ನು ಕಿತ್ತು, ಒಂದೇ ಬಣ್ಣದ ಹಾಳೆಯ ಮೇಲಿಟ್ಟು ತೆಗೆದಂಥವು. ಗದ್ದೆಯಲ್ಲಿ ಹಾಗಿರುತ್ತದಾ? ಗರಿಯ ಮೇಲೆ ಇಬ್ಬನಿ, ಹಿಂದೆ ನೀರಿನ ಹೊಳಪು, ಪಕ್ಕದಲ್ಲಿ ಇನ್ನೊಂದು ಗರಿ, ಚಿಕ್ಕಪ್ಪನ ಹೆಬ್ಬೆರಳು.

ಇನ್ನೊಂದು ವಿಷಯ. ಆ 54 ಸಾವಿರ ಚಿತ್ರಗಳಲ್ಲಿ ಇದ್ದದ್ದು 14 ಬೆಳೆ. ಸೇಬು, ದ್ರಾಕ್ಷಿ, ಟೊಮೆಟೊ, ಆಲೂಗಡ್ಡೆ, ಸ್ಟ್ರಾಬೆರಿ ಎಲ್ಲ ಇದೆ. ಭತ್ತ ಇಲ್ಲ. ಕಬ್ಬು ಇಲ್ಲ. ರಾಗಿ ಇಲ್ಲ. ನಮ್ಮ ಬೆಳೆಯನ್ನು ನಾವು ತೋರಿಸದೆ ಯಂತ್ರ ತಾನಾಗಿ ಕಲಿಯುವುದಿಲ್ಲ.

ಮಾತಿನ ವಿಷಯವೂ ಹೀಗೇ. ನಮ್ಮ ಅವ್ವನಿಗೆ ಟೈಪ್ ಮಾಡಲು ಬರುವುದಿಲ್ಲ, ಮೈಕ್ ಒತ್ತಿ ಮಾತಾಡುತ್ತಾರೆ. “ನಾಳೀಕೆ ಕಬ್ಬು ಕಡಿಯಕ್ಕೆ ಬತ್ತೀವಿ ಅಂದವ್ರೆ” ಅಂತ ಅವರು ಹೇಳಿದರೆ ಫೋನು “ಬತ್ತೀವಿ”ಯಲ್ಲೇ ಮುಗ್ಗರಿಸುತ್ತದೆ. ಒಂದೊಂದು ಸಲ ಬತ್ತಿ ಅಂತ ಬರೆಯುತ್ತದೆ, ದೀಪದ ಬತ್ತಿ. ಅವ್ವ ಆಗ ನಿಧಾನಕ್ಕೆ, ಶಾಲೆಯ ಪುಸ್ತಕದಲ್ಲಿ ಇದ್ದ ಹಾಗೆ “ಬರುತ್ತೇವೆ” ಅಂತಾರೆ. ಎಪ್ಪತ್ತು ವರ್ಷ ಆಡಿದ ಮಾತನ್ನು ಫೋನಿಗೋಸ್ಕರ ಬದಲಾಯಿಸುವುದನ್ನು ನೋಡಿದರೆ ನನಗೆ ಸಂಕಟ ಆಗುತ್ತದೆ.

2022ರ ಸೆಪ್ಟೆಂಬರ್‌ನಲ್ಲಿ ಓಪನ್‌ಎಐ ಕಂಪನಿ ವಿಸ್ಪರ್ ಅನ್ನುವ ಮಾತು ಕೇಳಿ ಬರೆಯುವ ಮಾಡೆಲ್ ಅನ್ನು ಯಾರು ಬೇಕಾದರೂ ಬಳಸಲಿ ಅಂತ ಬಿಟ್ಟುಕೊಟ್ಟಿತು. ಅದರ ಅತಿ ಚಿಕ್ಕ ರೂಪದಲ್ಲಿ 3.9 ಕೋಟಿ ಸಂಖ್ಯೆಗಳಿವೆ, ದೊಡ್ಡದರಲ್ಲಿ 155 ಕೋಟಿ. ಚಿಕ್ಕದು ನನ್ನ ಹಳೆಯ ಲ್ಯಾಪ್‌ಟಾಪ್‌ನಲ್ಲಿ ವೈಫೈ ಆಫ್ ಮಾಡಿದರೂ ಆರಾಮಾಗಿ ಓಡುತ್ತದೆ. ಇಂಗ್ಲಿಷ್ ಚೆನ್ನಾಗಿ ಬರೆಯುತ್ತದೆ, ಕನ್ನಡ ಬಂದಾಗ ತೊದಲುತ್ತದೆ. ಅದಕ್ಕೆ 6,80,000 ಗಂಟೆಯ ಮಾತು ಕೇಳಿಸಿ ಕಲಿಸಿದ್ದಾರೆ, ಅದರಲ್ಲಿ ಕನ್ನಡದ ಪಾಲು ಬಹಳ ಕಡಿಮೆ. ನಮ್ಮಲ್ಲೂ ಕೆಲಸ ನಡೆಯುತ್ತಿದೆ. ಮದ್ರಾಸ್ ಐಐಟಿಯ ಎಐ4ಭಾರತ್ ತಂಡ 2023ರಲ್ಲಿ 22 ಭಾಷೆಗಳ ಅನುವಾದದ ಮಾಡೆಲ್ ಹೊರಗೆ ಬಿಟ್ಟಿತು, ಮಾತು ಗುರುತಿಸುವ ಮಾಡೆಲ್‌ಗಳನ್ನೂ ಕೊಟ್ಟಿದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1969ರಿಂದ ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥೆ ಇದೆ. ಮಾತಿನ ದಾಖಲೆ ಕೂಡಿಡುವ ಕೆಲಸ ಅಲ್ಲೂ ನಡೆದಿದೆ. ಮಂಡ್ಯದ ಮಾತು, ಚಾಮರಾಜನಗರದ ಮಾತು, ಹುಣಸೂರು ಕಡೆಯ ಮಾತು ಜಾಸ್ತಿ ಜಾಸ್ತಿ ಅದರಲ್ಲಿ ಸೇರಬೇಕು ಅನ್ನುವುದು ನನ್ನ ಆಸೆ.

ಈಗ ಚಾಟ್ ಮಾಡುವ ದೊಡ್ಡ ಮಾಡೆಲ್‌ಗಳ ವಿಷಯ. ಇವು ಎಲೆ ಗುರುತಿಸುವುದಕ್ಕಿಂತ ಎಷ್ಟೋ ಪಾಲು ದೊಡ್ಡವು. 700 ಕೋಟಿ ಸಂಖ್ಯೆಗಳ ಮಾಡೆಲ್ ಅನ್ನು ಈ ಲೋಕದಲ್ಲಿ ಚಿಕ್ಕದು ಅಂತಾರೆ. ಒಂದು ಸಂಖ್ಯೆಗೆ 16 ಬಿಟ್, ಅಂದರೆ ಎರಡು ಬೈಟ್, ಹಿಡಿದರೆ 14 ಜಿಬಿ ಆಯಿತು. ಸಾಧಾರಣ ಫೋನಿನ ರ‍್ಯಾಮ್‌ನಲ್ಲಿ, ಅಂದರೆ ಕೆಲಸ ಮಾಡುವಾಗ ಸಂಖ್ಯೆಗಳನ್ನು ಇಟ್ಟುಕೊಳ್ಳುವ ಜಾಗದಲ್ಲಿ, ಅದು ಹಿಡಿಯುವುದಿಲ್ಲ. ಆದರೆ ಸಂತೆಯಲ್ಲಿ ಬೆಲ್ಲ ತೂಗುವಾಗ ಯಾರೂ ಮಿಲಿಗ್ರಾಂ ನೋಡುವುದಿಲ್ಲ ತಾನೇ? ಇಲ್ಲೂ ಅಷ್ಟು ಸೂಕ್ಷ್ಮ ಬೇಡ ಅಂತ ಗೊತ್ತಾಯಿತು. 16 ಬಿಟ್‌ನಲ್ಲಿ 65,536 ಬೇರೆ ಬೇರೆ ಬೆಲೆ ಬರೆಯಬಹುದು, 4 ಬಿಟ್‌ನಲ್ಲಿ ಬರೀ 16. ಸಂಖ್ಯೆಗಳನ್ನು ಗುಂಪು ಗುಂಪಾಗಿ ವಿಂಗಡಿಸಿ, ಆ 16ರಲ್ಲಿ ಹತ್ತಿರದ ಬೆಲೆಗೆ ಹೊಂದಿಸಿದರೆ ಮಾಡೆಲ್‌ನ ಬುದ್ಧಿ ಸ್ವಲ್ಪ ಮಂಕಾಗುತ್ತದೆ, ಆದರೆ ಕೆಡುವುದಿಲ್ಲ. 14 ಜಿಬಿ ಇದ್ದದ್ದು ಮೂರೂವರೆಗೆ ಇಳಿಯುತ್ತದೆ. ನಮ್ಮ ಆಲೆಮನೆಯಲ್ಲಿ ಕೊಪ್ಪರಿಗೆ ತುಂಬ ಇದ್ದ ಕಬ್ಬಿನ ಹಾಲು ಕಾದು ಕಾದು ನಾಲ್ಕು ಅಚ್ಚು ಬೆಲ್ಲ ಆಗುವುದನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥ ಆಗುತ್ತದೆ.

ಅಂಗಡಿಯವರು ಹೇಳದ ಒಂದು ಮಾತು ಇಲ್ಲಿದೆ. ದೇವರಾಜ ಅರಸು ರಸ್ತೆಯ ಯಾವ ಮೊಬೈಲ್ ಅಂಗಡಿಗೆ ಹೋದರೂ ಈಗ ಡಬ್ಬದ ಮೇಲೆ ಎಐ ಫೋನ್ ಅಂತ ಇರುತ್ತದೆ, ಪಕ್ಕದಲ್ಲಿ ಎಷ್ಟು ಟಾಪ್ಸ್ ಅಂತ ಒಂದು ದೊಡ್ಡ ಸಂಖ್ಯೆ. ಅದು ಚಿಪ್ಪು ಎಷ್ಟು ವೇಗವಾಗಿ ಗುಣಿಸುತ್ತದೆ ಅನ್ನುವ ಲೆಕ್ಕ. ಚಾಟ್ ಮಾಡೆಲ್‌ಗಳಿಗೆ ನಿಜವಾದ ಅಡ್ಡಿ ಗುಣಾಕಾರ ಅಲ್ಲ, ಸಂಖ್ಯೆಗಳನ್ನು ರ‍್ಯಾಮ್‌ನಿಂದ ಚಿಪ್ಪಿಗೆ ಹೊತ್ತು ತರುವುದು. ಈ ಮಾಡೆಲ್ ಉತ್ತರವನ್ನು ತುಣುಕು ತುಣುಕಾಗಿ ಬರೆಯುತ್ತದೆ. ಒಂದು ತುಣುಕು ಬರೆಯಬೇಕಾದರೆ ಮೂರೂವರೆ ಜಿಬಿಯನ್ನೂ ಒಂದು ಸಲ ಓದಬೇಕು. ಮುಂದಿನ ತುಣುಕಿಗೆ ಮತ್ತೆ ಅಷ್ಟನ್ನೂ ಓದಬೇಕು. ಒಳ್ಳೆಯ ಫೋನಿನ ರ‍್ಯಾಮ್ ಸೆಕೆಂಡಿಗೆ ಸುಮಾರು 68 ಜಿಬಿ ಕೊಡುತ್ತದೆ. ಭಾಗಿಸಿ ನೋಡಿ, ಸೆಕೆಂಡಿಗೆ 19 ತುಣುಕು. ಎಷ್ಟು ಟಾಪ್ಸ್ ಇದ್ದರೂ ಅದನ್ನು ದಾಟಲು ಆಗುವುದಿಲ್ಲ. ಹೊರುವ ಕೆಲಸಕ್ಕೆ ಬ್ಯಾಟರಿಯೂ ಜಾಸ್ತಿ ಬೇಕು. ಸ್ಟ್ಯಾನ್‌ಫರ್ಡ್‌ನ ಮಾರ್ಕ್ ಹೊರೊವಿಟ್ಜ್ 2014ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ, ರ‍್ಯಾಮ್‌ನಿಂದ ಒಂದು ಸಂಖ್ಯೆ ತರುವುದಕ್ಕೆ ಅದನ್ನು ಗುಣಿಸುವುದಕ್ಕಿಂತ ನೂರು ಪಟ್ಟಿಗೂ ಹೆಚ್ಚು ವಿದ್ಯುತ್ ಖರ್ಚಾಗುತ್ತದೆ. ಆದ್ದರಿಂದ ಯಾರಾದರೂ ನನ್ನನ್ನು ಕೇಳಿದರೆ, ಟಾಪ್ಸ್ ಬಿಡಿ, ರ‍್ಯಾಮ್ ಎಷ್ಟಿದೆ, ಯಾವ ಪೀಳಿಗೆಯದು ನೋಡಿ ಅಂತೀನಿ.

ತುಣುಕಿನ ಲೆಕ್ಕದಲ್ಲಿ ಕನ್ನಡಕ್ಕೆ ಇನ್ನೊಂದು ಪೆಟ್ಟು ಬೀಳುತ್ತದೆ. ಮೈಸೂರು ಅನ್ನುವ ಪದ ನಮ್ಮ ಕಣ್ಣಿಗೆ ಮೂರು ಅಕ್ಷರ. ಕಂಪ್ಯೂಟರು ಅಕ್ಷರಗಳನ್ನು ಬರೆದಿಡುವ ಯೂನಿಕೋಡ್ ಪದ್ಧತಿಯಲ್ಲಿ ಮ, ಐತ್ವ, ಸ, ಊತ್ವ, ರ, ಉತ್ವ ಅಂತ ಆರು. ಒಂದೊಂದಕ್ಕೆ ಮೂರು ಬೈಟ್, ಒಟ್ಟು 18. ಅದೇ ಹೆಸರನ್ನು ಇಂಗ್ಲಿಷ್‌ನಲ್ಲಿ ಬರೆದರೆ ಆರೇ ಬೈಟ್. ಮಾಡೆಲ್ ಮಾಡುವವರು ಹೆಚ್ಚಾಗಿ ಕಾಣುವ ಬೈಟ್‌ಗಳ ಸಾಲನ್ನು ಸೇರಿಸಿ ಒಂದು ತುಣುಕು ಮಾಡುತ್ತಾರೆ. ಕನ್ನಡ ಅವರಿಗೆ ಹೆಚ್ಚಾಗಿ ಕಾಣುವುದಿಲ್ಲ, ಹಾಗಾಗಿ ನಮ್ಮ ಪದ ಚೂರುಚೂರಾಗುತ್ತದೆ. ಒಂದು ಪದಕ್ಕೆ ಆರು ತುಣುಕು ಬಿದ್ದರೆ ಆ 19 ತುಣುಕಿನಲ್ಲಿ ಮೂರೇ ಪದ ಬಂತು. ಇದು ಸರಿಹೋಗದ ಕಾಯಿಲೆ ಅಲ್ಲ. 2024ರ ಮೇ ತಿಂಗಳಲ್ಲಿ ಓಪನ್‌ಎಐ ತನ್ನ ತುಣುಕುಗಳ ಪಟ್ಟಿಯನ್ನು ಬದಲಿಸಿತು. ಕಂಪನಿ ಕೊಟ್ಟ ಉದಾಹರಣೆಯಲ್ಲಿ ತೆಲುಗಿಗೆ ತುಣುಕು 3.5 ಪಟ್ಟು ಕಡಿಮೆಯಾಯಿತು, ತಮಿಳಿಗೆ 3.3 ಪಟ್ಟು. ಬರೀ ಪಟ್ಟಿ ಸರಿ ಮಾಡಿದ್ದಕ್ಕೆ ಅಷ್ಟು ಲಾಭ! ಕನ್ನಡವನ್ನು ಮೊದಲಿನಿಂದಲೇ ಮನಸ್ಸಿನಲ್ಲಿಟ್ಟು ಮಾಡಿದ ಚಿಕ್ಕ ಮಾಡೆಲ್, ನನ್ನ ಪ್ರಕಾರ, ಸಾಧಾರಣ ಫೋನಿನಲ್ಲೂ ಅವ್ವ ಮಾತಾಡುವ ವೇಗಕ್ಕೆ ಉತ್ತರ ಕೊಡಬಲ್ಲದು.

ಮಡಚುವ ಫೋನು, ಕ್ಯಾಮೆರಾ ಇರುವ ಕನ್ನಡಕ, ತಲೆಗೆ ಕಟ್ಟಿಕೊಳ್ಳುವ ಪರದೆ ಇವೆಲ್ಲ ಬರುತ್ತಿವೆ. 2024ರಲ್ಲಿ ಆ್ಯಪಲ್ ತಂದ ವಿಷನ್ ಪ್ರೊ ಆರುನೂರು ಗ್ರಾಂಗೂ ಹೆಚ್ಚು ತೂಕ, ಬೆಲೆ 3,499 ಡಾಲರ್. ಅದರ ಎಂಜಿನಿಯರಿಂಗ್ ಬಗ್ಗೆ ನನಗೆ ಗೌರವ ಇದೆ, ಕೊಳ್ಳುವ ಮನಸ್ಸಿಲ್ಲ. ಅದಕ್ಕಿಂತ ಬ್ಯಾಟರಿಯಲ್ಲಿ ಆಗುತ್ತಿರುವ ಬದಲಾವಣೆ ನನಗೆ ಇಷ್ಟ. ಗ್ರಾಫೈಟ್ ಬದಲು ಸಿಲಿಕಾನ್ ಸ್ವಲ್ಪ ಸ್ವಲ್ಪ ಸೇರಿಸುತ್ತಿದ್ದಾರೆ. ಸಿಲಿಕಾನ್ ಸುಮಾರು ಹತ್ತು ಪಟ್ಟು ಜಾಸ್ತಿ ಲಿಥಿಯಂ ಹಿಡಿಯುತ್ತದೆ, ಆದರೆ ಚಾರ್ಜ್ ಆದಾಗ ಊದಿ ಮೂರು ಪಟ್ಟಿಗೂ ದೊಡ್ಡದಾಗುತ್ತದೆ. ಅದಕ್ಕೇ ಕಾರ್ಬನ್ ಜೊತೆ ಬೆರೆಸುತ್ತಾರೆ. ರಾತ್ರಿಯೆಲ್ಲ ಕರೆಂಟ್ ಇಲ್ಲದ ಊರಿಗೆ ಅದು ಬೇಕಾದ ವಸ್ತು.

ನೆಟ್ ಇಲ್ಲದೆ ಹಣ ಕೊಡುವ ಯುಪಿಐ ಲೈಟ್ ಎಕ್ಸ್ ಕೂಡ 2023ರ ಸೆಪ್ಟೆಂಬರ್‌ನಲ್ಲೇ ಬಂತು. ಎರಡು ಫೋನು ಹತ್ತಿರ ಹಿಡಿದರೆ ಸಾಕು. ಆದರೆ ಎರಡರಲ್ಲೂ ಹತ್ತಿರದ ಫೋನಿನ ಜೊತೆ ತಂತಿ ಇಲ್ಲದೆ ಮಾತಾಡುವ ಎನ್‌ಎಫ್‌ಸಿ ಅನ್ನುವ ಭಾಗ ಇರಬೇಕು, ಕಡಿಮೆ ಬೆಲೆಯ ಎಷ್ಟೋ ಫೋನುಗಳಲ್ಲಿ ಅದಿಲ್ಲ. ಸಂತೆಯಲ್ಲಿ ಸೊಪ್ಪು ಮಾರುವವರ ಕೈಲಿರುವುದು ಅಂಥ ಫೋನೇ. ಎನ್‌ಎಫ್‌ಸಿ ಎಲ್ಲ ಫೋನಿಗೂ ಬರಬೇಕು.

ಎಲ್ಲವೂ ಫೋನಿನೊಳಗೇ ಆಗಬೇಕು ಅಂತ ನಾನು ಹೇಳುತ್ತಿಲ್ಲ. ಮಾರುಕಟ್ಟೆಯ ದರ, ಮಳೆಯ ಮುನ್ಸೂಚನೆ ಹೊರಗಿನಿಂದಲೇ ಬರಬೇಕು. ಆದರೆ ಕೈಯಲ್ಲಿ ಹಿಡಿದ ಗರಿಯ ರೋಗ ತಿಳಿಯಲು ಬೇಕಾದದ್ದೆಲ್ಲ ಗದ್ದೆಯಲ್ಲೇ ಇದೆ. ಗರಿ ಇದೆ, ಕ್ಯಾಮೆರಾ ಇದೆ, ಲೆಕ್ಕ ಮಾಡುವ ಚಿಪ್ಪು ಇದೆ. ಕಲಿಸುವುದು ಮಾತ್ರ ಬಾಕಿ.

ಅದಕ್ಕೆ ನಾವಿಬ್ಬರೂ ಕೈ ಹಾಕಿದ್ದೇವೆ. ನಾನು ಊರಿಗೆ ಹೋದಾಗಲೆಲ್ಲ ಚಿಕ್ಕಪ್ಪ ಗರಿ ಹಿಡಿಯುತ್ತಾರೆ, ನಾನು ಫೋಟೊ ತೆಗೆಯುತ್ತೇನೆ. ಬಿಸಿಲಲ್ಲಿ ಒಂದು, ನೆರಳಲ್ಲಿ ಒಂದು, ಇಬ್ಬನಿ ಇದ್ದಾಗ ಒಂದು. ಕೀಳದೆ, ಗಿಡದಲ್ಲಿ ಇರುವ ಹಾಗೇ. ಯಾವ ತಳಿ, ನಾಟಿ ಮಾಡಿ ಎಷ್ಟು ದಿನ ಆಯಿತು, ಯೂರಿಯಾ ಯಾವಾಗ ಹಾಕಿದ್ದು ಅಂತ ಚಿಕ್ಕಪ್ಪ ಹೇಳಿದ್ದನ್ನು ಪುಸ್ತಕದಲ್ಲಿ ಬರೆದಿಡುತ್ತೇನೆ. ಅನುಮಾನ ಇದ್ದವನ್ನು ಬೇರೆ ಇಟ್ಟಿದ್ದೇವೆ, ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ತಿಳಿದವರಿಗೆ ತೋರಿಸಬೇಕು. ಮೊನ್ನೆ ಫೋನ್ ಮಾಡಿದ್ದ ಚಿಕ್ಕಪ್ಪ, “ಈ ಸಲ ಬೇಗ ಬಾ ಮಗ. ಪಕ್ಕದೋರು ರಾಗಿ ಹೊಲದಲ್ಲೂ ಏನೋ ಮಚ್ಚೆ ಕಂಡದೆ ಅಂತಾವ್ರೆ” ಅಂದರು.